ಸಹಾಯ ಬೇಕು: ಎಲ್‌ಬಿಜೆ ಸ್ಟೇಟ್ ಪಾರ್ಕಿನ ಹಳೇ ಜರ್ಮನ್ ತೋಟದ ಮನೆ, ಅಜ್ಜಿ ಜೊತೆ

ನಮಸ್ಕಾರ. ಜನವರಿಯ ಒಂದು ಶನಿವಾರ ಟೆಕ್ಸಾಸ್‌ನ ಆಸ್ಟಿನ್‌ನಿಂದ ಹೈವೇ 290ರಲ್ಲಿ ಸ್ಟೋನ್‌ವಾಲ್ ಕಡೆ, ಅಮೆರಿಕದ ಮಾಜಿ ಅಧ್ಯಕ್ಷ ಲಿಂಡನ್ ಬಿ. ಜಾನ್ಸನ್ (ಎಲ್‌ಬಿಜೆ) ಹೆಸರಿನ ಪಾರ್ಕಿಗೆ ಹೊರಡುವವರಿದ್ದೇವೆ. ಇಬ್ಬರು ಮಕ್ಕಳು, ಮಂಡಿನೋವಿನ ಅಜ್ಜಿ. ಪಾರ್ಕಿಗೆ ಪ್ರವೇಶ ಉಚಿತ, ರಾತ್ರಿ ತಂಗುವಂತಿಲ್ಲ, ಅಷ್ಟು ಗೊತ್ತು.

ಮುಖ್ಯವಾಗಿ ನೋಡಬೇಕಿರುವುದು ಸಾವರ್-ಬೆಕ್‌ಮನ್ ಫಾರ್ಮ್. 1869ರಲ್ಲಿ ಸಾವರ್ ಕುಟುಂಬ ಬಂದು ನೆಲೆಸಿದ ಜಾಗ, 1900ರಲ್ಲಿ ಬೆಕ್‌ಮನ್ ಮನೆಯವರು ಕೊಂಡರು. ಈಗಲೂ ಅಲ್ಲಿನ ಸಿಬ್ಬಂದಿ 1915-18ರ ಕಾಲದ ಬಟ್ಟೆ ತೊಟ್ಟು ಹಸುವಿನ ಹಾಲು ಕರೆಯುತ್ತಾರೆ, ಬೆಣ್ಣೆ ಕಡೆಯುತ್ತಾರೆ, ಕಟ್ಟಿಗೆ ಒಲೆಯಲ್ಲಿ ಅಡುಗೆ ಮಾಡುತ್ತಾರೆ.

ಹೋಗಿಬಂದವರು ಹೇಳಿ: ಒಲೆ ಉರಿಯುತ್ತಿರುವಾಗಲೇ ಅಡುಗೆಮನೆ ನೋಡಲು ಎಷ್ಟು ಗಂಟೆಗೆ ಅಲ್ಲಿರಬೇಕು? ಪಾರ್ಕಿಂಗ್‌ನಿಂದ ಮನೆವರೆಗೆ ವ್ಹೀಲ್‌ಚೇರ್ ಉರುಳುತ್ತದಾ, ಬಾಗಿಲಲ್ಲಿ ಎಷ್ಟು ಮೆಟ್ಟಿಲು?

ಇನ್ನೊಂದು. ಫ್ರಿಜ್ ಇಲ್ಲದ ಕಾಲದ ಪದ್ಧತಿಯಂತೆ ಹಂದಿ ಕೊಯ್ದು ಸಾಸೇಜ್ ಮಾಡುವುದು ಚಳಿಗಾಲದಲ್ಲೇ, ಮಾಂಸ ಕೆಡಬಾರದಲ್ಲ. ಅಜ್ಜಿ ಈರುಳ್ಳಿಯನ್ನೂ ಮುಟ್ಟದವರು! ಆ ದಿನ ಯಾವುದೆಂದು ಮೊದಲೇ ತಿಳಿಯುವುದು ಹೇಗೆ?

ನದಿಯಾಚೆಯ ಜಾನ್ಸನ್ ರಾಂಚ್ (ಆ ಅಧ್ಯಕ್ಷರ ದನ ಸಾಕುವ ತೋಟ) ರಾಷ್ಟ್ರೀಯ ಉದ್ಯಾನದ್ದು, ಆದರೆ ಕಾರಿನ ಪರ್ಮಿಟ್ ಈಚೆಯ ವಿಸಿಟರ್ ಸೆಂಟರಲ್ಲೇ ಸಿಗುತ್ತದೆ. ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಂಡರೆ ಅಜ್ಜಿಗೆ ಸುಸ್ತಾಗುತ್ತದಾ?