ಎರಡನೆಯ ಆಜ್ಞೆ ಎಲ್ಲಿ ಹೋಯಿತು? ಸಂತರಲ್ಲಿ ಮಾಡುವ ಪ್ರಾರ್ಥನೆಯ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ
ಬರೆದವರು: ಬೀದರಿನ ಮಗಳು (ಕಲಬುರಗಿ)

ನಾನು ಬೀದರಿನ ಮೆಥೋಡಿಸ್ಟ್ ಮನೆತನದವಳು. ಮದುವೆಯಾಗಿ ಬಂದದ್ದು ಕಲಬುರಗಿಯ ಕಥೋಲಿಕ ಕುಟುಂಬಕ್ಕೆ. ಹನ್ನೆರಡು ವರ್ಷ ಎರಡೂ ಕಡೆಯ ಪದ್ಧತಿಗಳು ಹೇಗೋ ಹೊಂದಿಕೊಂಡು ನಡೆದಿದ್ದವು. ಈ ಬೇಸಿಗೆಯ ರಜೆಯಲ್ಲಿ ಹತ್ತು ವರ್ಷದ ನನ್ನ ಮಗಳು ಬೀದರಿನ ಅಜ್ಜಿಯ ಮನೆಗೆ ಹೋಗಿ, ಅಲ್ಲಿಯ ಸಂಡೇಸ್ಕೂಲಿನಲ್ಲಿ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಕೊಂಡು ಬಂದಳು. ಜೂನ್ ತಿಂಗಳಲ್ಲಿ ಇಲ್ಲಿಯ ಧರ್ಮೋಪದೇಶದ ತರಗತಿಯಲ್ಲಿ ಅವನ್ನೇ ಒಪ್ಪಿಸುವಾಗ ಎರಡನೆಯದರಲ್ಲೇ ತಪ್ಪಿದಳು. ಅಜ್ಜಿಯ ಊರಿನಲ್ಲಿ ಕಲಿತ ಎರಡನೆಯ ಆಜ್ಞೆ ಮೂರ್ತಿಗಳನ್ನು ಮಾಡಿಕೊಂಡು ಅಡ್ಡಬೀಳಬಾರದು ಎಂಬುದು. ಇಲ್ಲಿಯ ಪುಸ್ತಕದಲ್ಲಿ ಎರಡನೆಯದು ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಎಂಬುದು. ಆ ದಿನ ಅವಳು ಎರಡೂ ಪುಸ್ತಕಗಳನ್ನು ಮಂಚದ ಮೇಲೆ ಅಕ್ಕಪಕ್ಕ ಬಿಚ್ಚಿಟ್ಟು, ‘ಮಮ್ಮೀ, ಇವರು ಒಂದು ಆಜ್ಞಾ ತಗದು ಹಾಕ್ಯಾರೇನು?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಮನೆಯ ಗೂಡಿನಲ್ಲಿ ಸಂತ ಅಂತೋಣಿಯವರ ಒಂದು ಸುರೂಪ, ಎಂದರೆ ಪ್ರತಿಮೆ, ಇದೆ. ಅತ್ತೆಯವರು ಪ್ರತಿ ಮಂಗಳವಾರ ಅದರ ಮುಂದೆ ಮೇಣದಬತ್ತಿ ಹಚ್ಚಿ, ಮೊಳ ಮಲ್ಲಿಗೆ ಹಾಕಿ, ಕೈಮುಗಿದು ನಿಲ್ಲುತ್ತಾರೆ. ಕಳೆದ ವಾರ ಬೀದರಿನಿಂದ ಬಂದಿದ್ದ ನನ್ನ ಅವ್ವ ಅದನ್ನು ನೋಡಿ, ಅತ್ತೆಯವರು ಅಡಿಗೆಮನೆಗೆ ಹೋದ ಮೇಲೆ, ‘ಇದಕ್ಕ ಮೂರ್ತಿಪೂಜಾ ಅನ್ನದೆ ಮತ್ತೇನನ್ನಬೇಕವ್ವಾ?’ ಎಂದು ಮೆಲ್ಲಗೆ ಕೇಳಿದರು. ನನಗೆ ಜಗಳದ ಉತ್ತರ ಬೇಡ. ಆಜ್ಞೆಯನ್ನು ನಿಜವಾಗಿ ತೆಗೆದುಹಾಕಿದ್ದಾರೆಯೇ, ತೀರಿಹೋದ ಸಂತರಲ್ಲಿ ಪ್ರಾರ್ಥಿಸುವುದು ವಿಗ್ರಹಾರಾಧನೆಯಾಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ 1
ಬರೆದವರು: ನಿವೃತ್ತ ಮಾಸ್ತರ (ಕಲಬುರಗಿ)

ತಾಯೀ, ನಾನು ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಭಾನುವಾರ ಬಲಿಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ನಿಮ್ಮ ಮಗಳ ಪ್ರಶ್ನೆ ನನ್ನ ತರಗತಿಯಲ್ಲೂ ಬಂದಿದೆ.

ಆಜ್ಞೆಗಳು ಹತ್ತು ಎಂದು ಬೈಬಲ್ ಹೇಳುತ್ತದೆಯೇ ಹೊರತು ಯಾವುದು ಎಷ್ಟನೆಯದು ಎಂದು ಎಲ್ಲಿಯೂ ಅಂಕಿ ಹಾಕಿ ಕೊಟ್ಟಿಲ್ಲ. ವಿಮೋಚನಕಾಂಡದ 20ನೆಯ ಅಧ್ಯಾಯವನ್ನು ಓದುತ್ತಾ ಎಣಿಸಿದರೆ ಹತ್ತಕ್ಕಿಂತ ಹೆಚ್ಚು ವಾಕ್ಯಗಳಿರುವುದರಿಂದ, ಯಾವುದನ್ನು ಯಾವುದರೊಡನೆ ಕೂಡಿಸಬೇಕು ಎಂಬಲ್ಲಿ ಪರಂಪರೆಗಳು ಬೇರೆಯಾದವು. ಯೆಹೂದ್ಯರು ‘ನಾನೇ ನಿನ್ನ ದೇವರಾದ ಕರ್ತನು’ ಎಂಬುದನ್ನೇ ಮೊದಲನೆಯದಾಗಿ ಎಣಿಸುತ್ತಾರೆ. ಸಂತ ಅಗಸ್ಟೀನರ ಎಣಿಕೆಯಲ್ಲಿ ಅನ್ಯದೇವರುಗಳು ಬೇಡ ಎಂಬುದೂ ಮೂರ್ತಿಗಳು ಬೇಡ ಎಂಬುದೂ ಸೇರಿ ಒಂದೇ ಆಜ್ಞೆ; ಕೊನೆಯಲ್ಲಿ ಪರರ ಹೆಂಡತಿಯನ್ನು ಬಯಸಬಾರದು ಎಂಬುದೂ ಪರರ ಸೊತ್ತನ್ನು ಬಯಸಬಾರದು ಎಂಬುದೂ ಬೇರೆ ಬೇರೆ. ಕಥೋಲಿಕರು ಈ ಎಣಿಕೆಯನ್ನು ಹಿಡಿದರು. ರೋಮಿನಿಂದ ಬೇರೆಯಾದ ಪ್ರಾಟೆಸ್ಟಂಟರಾದ ಲೂಥರನ್ ಸಭೆಯವರೂ ಇದನ್ನೇ ಹಿಡಿದರು ಎಂಬುದನ್ನು ಗಮನಿಸಬೇಕು. 1530ರ ಆಗ್ಸ್‌ಬರ್ಗ್ ನಂಬಿಕೆಪತ್ರದಲ್ಲಿ ಸಂತರ ಸಹಾಯ ಕೋರುವುದನ್ನು ತಿರಸ್ಕರಿಸಿದ ಅವರೇ ಈ ಎಣಿಕೆಯನ್ನು ಇಟ್ಟುಕೊಂಡಿರುವಾಗ, ಸುರೂಪಗಳನ್ನು ಕಾಪಾಡಿಕೊಳ್ಳಲು ರೋಮಿನವರು ಆಜ್ಞೆಯನ್ನು ಬಚ್ಚಿಟ್ಟರು ಎಂಬ ಆರೋಪ ನಿಲ್ಲುವುದಿಲ್ಲ. ಆದರೆ ಒಂದು ಮಾತು ಒಪ್ಪಲೇಬೇಕು. ಮಕ್ಕಳ ಕೈಪಿಡಿಗಳಲ್ಲಿ ಮೊದಲನೆಯ ಆಜ್ಞೆಯನ್ನು ಒಂದೇ ಸಾಲಿಗೆ ಇಳಿಸುವಾಗ ಮೂರ್ತಿಯ ಭಾಗ ಬಿಟ್ಟುಹೋಗುತ್ತದೆ. ನಾನು ಕೈಪಿಡಿ ಮುಚ್ಚಿಸಿ, ಬೈಬಲಿನಿಂದಲೇ ಪೂರ್ತಿ ಓದಿಸುತ್ತೇನೆ.

ಇನ್ನು ಎರಡನೆಯ ಪ್ರಶ್ನೆ. ಇಲ್ಲಿ ನನ್ನ ಕಸುಬಿನ ಕಡೆಯಿಂದ ಹೇಳುವುದಾದರೆ, ಅರ್ಧ ಗೊಂದಲ ನಮ್ಮ ಪದಗಳಲ್ಲೇ ಇದೆ. ‘ಪೂಜೆ’ ಎಂಬ ಒಂದೇ ಮಾತನ್ನು ನಾವು ಬಲಿಪೂಜೆಗೂ ಬಳಸುತ್ತೇವೆ, ಆಯುಧಪೂಜೆಯ ದಿನ ಟಂಟಂ ಗಾಡಿಗೆ ನಿಂಬೆಹಣ್ಣು ಕಟ್ಟುವುದಕ್ಕೂ ಬಳಸುತ್ತೇವೆ. ‘ಪ್ರಾರ್ಥನೆ’ಯೂ ಹಾಗೆಯೇ. ಮೂವತ್ತು ವರ್ಷ ನಾನು ಮಕ್ಕಳಿಗೆ ರಜಾ ಅರ್ಜಿ ಬರೆಯುವುದನ್ನು ಕಲಿಸಿದೆ. ‘ಎರಡು ದಿನ ರಜೆ ದಯಪಾಲಿಸಬೇಕೆಂದು ಪ್ರಾರ್ಥಿಸುತ್ತೇನೆ’ ಎಂದು ಬರೆದ ಯಾವ ಹುಡುಗನೂ ಮುಖ್ಯೋಪಾಧ್ಯಾಯರನ್ನು ದೇವರೆಂದು ತಿಳಿದಿರಲಿಲ್ಲ. ಸಂತರಲ್ಲಿ ಮಾಡುವ ಪ್ರಾರ್ಥನೆ ಈ ಬೇಡಿಕೆಯ ಜಾತಿಗೆ ಸೇರಿದ್ದು. ಸಭೆಯ ಗ್ರೀಕ್ ಪದಗಳಲ್ಲಿ ದೇವರೊಬ್ಬರಿಗೇ ಸಲ್ಲುವ ಆರಾಧನೆ ‘ಲಾತ್ರಿಯ’, ಸಂತರಿಗೆ ಸಲ್ಲುವ ಗೌರವ ‘ದೂಲಿಯ’, ಮಾತೆ ಮರಿಯಮ್ಮನವರಿಗೆ ಸಲ್ಲುವ ವಿಶೇಷ ಗೌರವ ‘ಹೈಪರ್‌ದೂಲಿಯ’. ಸಂತರ ಪ್ರಾರ್ಥನಾಮಾಲೆಯನ್ನು ಕಿವಿಗೊಟ್ಟು ಕೇಳಿದರೆ ಈ ಗೆರೆ ತಾನಾಗಿ ಕಾಣುತ್ತದೆ. ತಂದೆ, ಮಗ, ಪವಿತ್ರಾತ್ಮರ ಹೆಸರು ಬಂದಾಗ ನಾವು ದಯೆಯನ್ನು ಕೇಳುತ್ತೇವೆ. ಸಂತರ ಹೆಸರು ಬಂದೊಡನೆ ಮಾತು ಬದಲಾಗಿ ‘ನಮಗಾಗಿ ಪ್ರಾರ್ಥಿಸಿ’ ಎಂದಾಗುತ್ತದೆ.

ಪದದಿಂದಲೇ ಜಗಳ ಹುಟ್ಟಿದ ಉದಾಹರಣೆ ಸಭೆಯ ಚರಿತ್ರೆಯಲ್ಲಿಯೇ ಇದೆ. ಬೈಜಾಂಟಿಯಮ್ಮಿನಲ್ಲಿ ಚಕ್ರವರ್ತಿಗಳೇ ನಿಂತು ಪವಿತ್ರ ಚಿತ್ರಗಳನ್ನು ತೆಗೆಸಿಹಾಕಿದ ಕಾಲದ ನಂತರ, 787ರಲ್ಲಿ ನಿಸೇಯದ ಎರಡನೆಯ ಮಹಾಸಭೆ ಕೂಡಿ, ಚಿತ್ರಗಳಿಗೆ ಬಾಗಿ ವಂದಿಸಬಹುದು, ಆರಾಧನೆ ಮಾತ್ರ ದೇವರಿಗೇ ಎಂದು ತೀರ್ಮಾನಿಸಿತು. ಗ್ರೀಕಿನಲ್ಲಿ ವಂದನೆಗೆ ಒಂದು ಪದ, ಆರಾಧನೆಗೆ ಇನ್ನೊಂದು ಪದವಿತ್ತು. ಆ ತೀರ್ಮಾನದ ಕೆಟ್ಟ ಲ್ಯಾಟಿನ್ ಅನುವಾದದಲ್ಲಿ ವಂದನೆಯೇ ‘ಅದೊರಾತ್ಸಿಯೊ’, ಎಂದರೆ ಆರಾಧನೆ, ಆಗಿ, ಅದು ಫ್ರಾಂಕರ ದೊರೆ ಶಾರ್ಲಮೇನನ ಪಂಡಿತರ ಕೈಗೆ ಸಿಕ್ಕಿತು. ಚಿತ್ರಗಳನ್ನು ಆರಾಧಿಸಿರಿ ಎಂದು ಮಹಾಸಭೆ ಹೇಳಿದೆ ಎಂದುಕೊಂಡು ಅವರು ಕೆರಳಿದರು. 794ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಕೂಡಿದ ಬಿಷಪರು ಅದನ್ನು ಖಂಡಿಸಿದರು. ಸರಿಯಾದ ಹೊಸ ಅನುವಾದ ಬಂದದ್ದು 873ರಲ್ಲಿ. ನಿಮ್ಮ ಅವ್ವನವರಿಗೂ ಅತ್ತೆಯವರಿಗೂ ನಡುವೆ ಇರುವುದು ಬಹುಮಟ್ಟಿಗೆ ಇಂಥದೇ ತೊಡಕು ಎಂದು ನನಗೆ ಅನಿಸುತ್ತದೆ.

ಉತ್ತರ 2
ಬರೆದವರು: ಹುಮನಾಬಾದಿನ ಸಭಾಸದಸ್ಯ

ಮಾಸ್ತರರು ಎಣಿಕೆಯ ಬಗ್ಗೆ ಹೇಳಿದ್ದು ಸರಿ. ನಮ್ಮ ಮೆಥೋಡಿಸ್ಟರು ಆ ಆರೋಪವನ್ನು ಇನ್ನು ಕೈಬಿಡಬೇಕು. ಆದರೆ ಎಲ್ಲವೂ ಪದದ ತೊಡಕು ಎಂಬುದನ್ನು ನಾನು ಒಪ್ಪಲಾರೆ.

ನಮ್ಮ ಸಭೆಯ ಮೂಲಪುರುಷರಾದ ಜಾನ್ ವೆಸ್ಲಿಯವರು 1784ರಲ್ಲಿ ಆಂಗ್ಲಿಕನ್ ಸಭೆಯ 39 ವಿಧಿಗಳನ್ನು ಕಡಿತಗೊಳಿಸಿ ಅಮೆರಿಕದ ಮೆಥೋಡಿಸ್ಟರಿಗೆ ಕಳುಹಿಸಿದಾಗ, ಮೂರ್ತಿಗಳ ಪೂಜೆಯನ್ನೂ ಸಂತರ ಮೊರೆಹೋಗುವುದನ್ನೂ ತಳ್ಳಿಹಾಕುವ ವಿಧಿಯನ್ನು ಬಿಡದೆ ಉಳಿಸಿಕೊಂಡರು. ಅದು ನಮ್ಮ 14ನೆಯ ವಿಧಿ. ವೆಸ್ಲಿಯವರಿಗೆ ಗ್ರೀಕ್ ಚೆನ್ನಾಗಿ ಬರುತ್ತಿತ್ತು. ಪದದ ವ್ಯತ್ಯಾಸ ತಿಳಿದೇ ಅವರು ಬೇಡವೆಂದರು, ಏಕೆಂದರೆ ಪ್ರಶ್ನೆ ಇರುವುದು ಆಧಾರದ್ದು. ಬದುಕಿರುವ ಸಹೋದರನಿಗೆ ‘ನನಗಾಗಿ ಪ್ರಾರ್ಥಿಸಪ್ಪಾ’ ಎನ್ನುವುದಕ್ಕೆ ಯಾಕೋಬನ ಪತ್ರಿಕೆಯಲ್ಲಿ ಅಪ್ಪಣೆಯಿದೆ. ತೀರಿಹೋದವರನ್ನು ಹಾಗೆ ಕೇಳಿದ ಒಬ್ಬ ಅಪೊಸ್ತಲನನ್ನು ತೋರಿಸಲಾಗದು. ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಒಬ್ಬನೇ ಎಂದು 1 ತಿಮೊಥೆಯ 2:5 ಹೇಳುತ್ತದೆ. ಅಲ್ಲದೆ, ಒಂದೇ ಗಳಿಗೆಯಲ್ಲಿ ಸಾವಿರ ಊರುಗಳಿಂದ ಸಾವಿರ ಭಾಷೆಗಳಲ್ಲಿ ಬರುವ ಮೊರೆಯನ್ನು ಒಬ್ಬ ಅಂತೋಣಿ ಕೇಳಿಸಿಕೊಳ್ಳುತ್ತಾನೆ ಎಂದರೆ, ದೇವರಿಗೆ ಮಾತ್ರ ಇರುವ ಗುಣವನ್ನು ಅವನಿಗೆ ಹಂಚಿದಂತಾಗುವುದಿಲ್ಲವೇ?

ಇನ್ನೊಂದು ಸಂಗತಿ. ಅರಣ್ಯಕಾಂಡದಲ್ಲಿ ಮೋಶೆ ತಾಮ್ರದ ಸರ್ಪವನ್ನು ಮಾಡಿಸಿದ್ದು ದೇವರ ಅಪ್ಪಣೆಯಿಂದಲೇ. ಕಥೋಲಿಕ ಮಿತ್ರರು ಅದನ್ನು ತಮ್ಮ ಪರವಾಗಿ ಎತ್ತಿಹೇಳುತ್ತಾರೆ, ಆದರೆ ಕಥೆಯ ಕೊನೆಯನ್ನು ಹೇಳುವುದಿಲ್ಲ. 2 ಅರಸುಗಳು 18:4ರಲ್ಲಿ, ಜನರು ಅದಕ್ಕೆ ಧೂಪ ಹಾಕತೊಡಗಿದ್ದರಿಂದ ಅರಸ ಹಿಜ್ಕೀಯನು ಅದನ್ನು ಒಡೆದು ಚೂರುಮಾಡಿದನು. ಮಾಡಿದಾಗ ತಪ್ಪಿರಲಿಲ್ಲ, ಇಟ್ಟುಕೊಂಡಾಗಲೂ ತಪ್ಪಿರಲಿಲ್ಲ. ಕೈಗಳು ಏನು ಮಾಡಿದವು ಎಂಬುದರಿಂದ ಅದು ವಿಗ್ರಹವಾಯಿತು. ಗ್ರಂಥದಲ್ಲಿ ದೂಲಿಯ ಎಂದು ಬರೆದಿದ್ದರೂ, ಮಂಗಳವಾರ ಮಲ್ಲಿಗೆ ಹಾಕುವ ಕೈಗೆ ಆ ಪದ ಗೊತ್ತಿದೆಯೇ ಎಂಬುದೇ ನನ್ನ ಪ್ರಶ್ನೆ. ಕೆಲಸವಾದರೆ ಇಷ್ಟು ಮೇಣದಬತ್ತಿ ಎಂದು ಹರಕೆಯ ಲೆಕ್ಕ ಕಟ್ಟುವುದು ಬೇಡಿಕೆಯಂತೆ ಕಾಣುವುದಿಲ್ಲ, ವ್ಯವಹಾರದಂತೆ ಕಾಣುತ್ತದೆ. ಅಕ್ಕಾವ್ರೆ, ನಿಮ್ಮ ಅತ್ತೆಯವರನ್ನು ಕುರಿತು ಹೇಳುತ್ತಿಲ್ಲ. ಅವರನ್ನು ನಾನು ಕಂಡಿಲ್ಲ.

ಉತ್ತರ 3
ಬರೆದವರು: ರೋಜಾ ಬಡಾವಣೆಯ ಓದುಗ (ಕಲಬುರಗಿ)

ನಾನು ಮುಸ್ಲಿಮ. ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆಯಿರಲಿ. ಈ ಚರ್ಚೆ ಓದುತ್ತಿದ್ದರೆ ನಮ್ಮ ಮನೆಯ ಊಟದ ಹೊತ್ತಿನ ಮಾತೇ ಕೇಳಿದಂತಾಯಿತು. 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ದರ್ಗಾ ನಮ್ಮ ಮನೆಯಿಂದ ನಡೆದುಹೋಗುವಷ್ಟು ಹತ್ತಿರವಿದೆ. ನಮ್ಮ ಅಬ್ಬಾ ಉರುಸಿಗೆ ಚಾದರ ಒಯ್ಯುತ್ತಾರೆ. ಖ್ವಾಜಾ ಸಾಹೇಬರು ವಸೀಲಾ, ಎಂದರೆ ದಾರಿ, ಕೊಡುವವನು ಅಲ್ಲಾ ಎನ್ನುತ್ತಾರೆ. ನಮ್ಮ ಅಣ್ಣ ಅದನ್ನು ಶಿರ್ಕ್, ಎಂದರೆ ಅಲ್ಲಾನಿಗೆ ಸಮಾನರನ್ನು ಕಲ್ಪಿಸುವ ಪಾಪ, ಎನ್ನುತ್ತಾನೆ, ಹೊಸ್ತಿಲ ಹೊರಗೇ ನಿಲ್ಲುತ್ತಾನೆ. ಹುಮನಾಬಾದಿನವರ ಪ್ರಶ್ನೆಯನ್ನು ಅವನೂ ಕೇಳುತ್ತಾನೆ, ಮಾಸ್ತರರ ಉತ್ತರವನ್ನು ಅಬ್ಬಾ ಕೊಡುತ್ತಾರೆ. ಮಾಸ್ತರರು ಹೇಳಿದ ಚಿತ್ರಗಳ ಜಗಳದಲ್ಲಿ ಚಿತ್ರಗಳ ಪರವಾಗಿ ಮೂರು ಪ್ರಬಂಧಗಳನ್ನು ಬರೆದ ದಮಸ್ಕಸಿನ ಯೋಹಾನನು ಉಮಯ್ಯದ್ ಖಲೀಫರ ಆಳ್ವಿಕೆಯ ನಾಡಿನಲ್ಲಿದ್ದುದರಿಂದಲೇ ಬೈಜಾಂಟಿಯಮ್ಮಿನ ಚಕ್ರವರ್ತಿಯ ಕೈಗೆ ಸಿಗಲಿಲ್ಲ ಎಂದು ಕಾಲೇಜಿನಲ್ಲಿ ಓದಿದ್ದೆ, ಅದು ನೆನಪಾಯಿತು.

ಉತ್ತರ 4
ಬರೆದವರು: ನಿವೃತ್ತ ಮಾಸ್ತರ (ಕಲಬುರಗಿ)

ಹುಮನಾಬಾದಿನ ಅಣ್ಣನವರಿಗೆ. ಹಿಜ್ಕೀಯನ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ, ಬೇಕಾಗಿಯೂ ಇಲ್ಲ. 1563ರ ಡಿಸೆಂಬರಿನಲ್ಲಿ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ ತನ್ನ ಕೊನೆಯ ಅಧಿವೇಶನದಲ್ಲಿ, ಮೂರ್ತಿಗಳಲ್ಲಿ ದೈವತ್ವವಾಗಲಿ ಶಕ್ತಿಯಾಗಲಿ ಇದೆಯೆಂದು ನಂಬಿ ಗೌರವಿಸಬಾರದು, ಅವುಗಳಿಂದ ಏನನ್ನೂ ಬೇಡಬಾರದು, ಗೌರವ ಅವು ಸೂಚಿಸುವ ವ್ಯಕ್ತಿಗೆ ಸಲ್ಲುತ್ತದೆ ಎಂದು ಹೇಳಿ, ಮೂಢನಂಬಿಕೆಯನ್ನೂ ಹಣದಾಸೆಯನ್ನೂ ಕಿತ್ತುಹಾಕಬೇಕೆಂದು ಬಿಷಪರಿಗೆ ವಿಧಿಸಿತು. ಕಿತ್ತುಹಾಕಲು ಏನೋ ಇತ್ತು ಎಂಬುದನ್ನು ಅದೇ ಒಪ್ಪಿಕೊಂಡಂತಾಯಿತು.

ಸಂತರಿಗೆ ಕೇಳಿಸುವುದು ಹೇಗೆ ಎಂಬುದಕ್ಕೆ ನಮ್ಮ ಸಭೆಯ ಹಳೆಯ ಪಂಡಿತರಾದ ಸಂತ ತೋಮಸ್ ಅಕ್ವಿನಾಸರ ಉತ್ತರವೆಂದರೆ, ಅವರು ತಮ್ಮ ಸ್ವಂತ ಬಲದಿಂದ ಕೇಳಿಸಿಕೊಳ್ಳುವುದಿಲ್ಲ. ದೇವರನ್ನು ಮುಖಾಮುಖಿ ಕಾಣುವವರಾದ್ದರಿಂದ ತಮಗೆ ತಿಳಿಯಬೇಕಾದದ್ದನ್ನು ದೇವರಲ್ಲಿಯೇ ಕಾಣುತ್ತಾರೆ. ಪ್ರಕಟನೆ 5:8ರಲ್ಲಿ ಹಿರಿಯರ ಕೈಯಲ್ಲಿರುವ ಚಿನ್ನದ ಧೂಪಪಾತ್ರೆಗಳು ದೇವಜನರ ಪ್ರಾರ್ಥನೆಗಳೇ ಎಂದಿದೆ. ಆ ಹಿರಿಯರನ್ನು ಯಾರಾದರೂ ಕರೆದು ಬೇಡಿಕೊಂಡರೆಂದು ಅಲ್ಲಿ ಬರೆದಿಲ್ಲ ಎಂದು ನೀವು ಹೇಳುವಿರಿ, ಬರೆದಿಲ್ಲ, ನಿಜ. ಅಲ್ಲಿಂದ ಮುಂದಕ್ಕೆ ನಾವು ಸಭೆಯ ಪರಂಪರೆಯನ್ನು ನಂಬಿ ನಡೆಯುತ್ತೇವೆ, ನೀವು ನಿಲ್ಲುತ್ತೀರಿ. ಇದು ಪದದ ಜಗಳವಲ್ಲ ಎಂದು ನೀವು ಹೇಳಿದ್ದು ಇಷ್ಟರಮಟ್ಟಿಗೆ ಸರಿ, ನನ್ನ ಮೊದಲ ಉತ್ತರದ ಕೊನೆಯ ವಾಕ್ಯವನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ವಿಗ್ರಹಾರಾಧನೆ ಎಂಬ ಹೆಸರು ಮಾತ್ರ ಇದಕ್ಕೆ ಹೊಂದುವುದಿಲ್ಲ. ಕೇಳಬಾರದವರನ್ನು ಕೇಳುತ್ತಿದ್ದೀರಿ ಎಂದರೆ ಕುಳಿತು ವಾದಿಸಬಹುದು; ದೇವರಲ್ಲದವರನ್ನು ದೇವರೆನ್ನುತ್ತಿದ್ದೀರಿ ಎಂದರೆ ಅದು ಬೇರೆಯೇ ಆರೋಪ.

ಪ್ರಶ್ನೆ ಕೇಳಿದವರಿಂದ
ಬರೆದವರು: ಬೀದರಿನ ಮಗಳು (ಕಲಬುರಗಿ)

ಎಲ್ಲರಿಗೂ ವಂದನೆಗಳು. ಇವನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ಅವರು, ‘ಅಂತೋಣಿಯವರು ದೇವರಲ್ಲ ಅನ್ನೋದು ನನಗ ಗೊತ್ತಿಲ್ಲೇನು?’ ಎಂದು ಸ್ವಲ್ಪ ಬೇಸರದಿಂದಲೇ ಹೇಳಿದರು. ಆದರೆ ಅದೇ ಉಸಿರಿನಲ್ಲಿ, ವೇಳಾಂಗಣ್ಣಿಯಿಂದ ತಂದ ಮಾತೆಯ ಸುರೂಪಕ್ಕೆ ಇಲ್ಲಿ ಕೊಂಡದ್ದಕ್ಕಿಂತ ಶಕ್ತಿ ಹೆಚ್ಚು ಎಂದೂ ಹೇಳಿದರು. ಹುಮನಾಬಾದಿನ ಅಣ್ಣನವರಿಗೆ ಇದನ್ನು ತಿಳಿಸಬೇಕೋ ಬೇಡವೋ ಎಂದು ಯೋಚಿಸಿ ಕೊನೆಗೆ ಬರೆದಿದ್ದೇನೆ. ಟ್ರೆಂಟ್ ಸಭೆಯ ಮಾತನ್ನು ಹೇಳಿದ ಮೇಲೆ ಅತ್ತೆಯವರು ಸುಮ್ಮನಾದರು. ಒಪ್ಪಿದರೋ ಇಲ್ಲವೋ ತಿಳಿಯದು.

ನಿನ್ನೆ ಸಂಜೆ ಜಪಸರಕ್ಕೆ ಕುಳಿತಾಗ ನನ್ನ ಅವ್ವನೂ ಬಂದು ಚಾಪೆಯ ತುದಿಯಲ್ಲಿ ಕುಳಿತರು. ನಮೋ ಮರಿಯ ಪ್ರಾರ್ಥನೆಯ ಮೊದಲ ಅರ್ಧ ಲೂಕನ ಮೊದಲನೆಯ ಅಧ್ಯಾಯದಲ್ಲಿ ದೇವದೂತನೂ ಎಲಿಜಬೇತಳೂ ಆಡಿದ ಮಾತು, ‘ನಮಗಾಗಿ ಪ್ರಾರ್ಥಿಸಿ’ ಎಂಬ ಎರಡನೆಯ ಅರ್ಧ ಈಗಿನ ರೂಪದಲ್ಲಿ ಸಭೆಯ ಪ್ರಾರ್ಥನಾಗ್ರಂಥಕ್ಕೆ ಸೇರಿದ್ದು 1568ರಲ್ಲಿ ಎಂದು ನಾನು ಮೊದಲೇ ಓದಿ ಹೇಳಿದ್ದೆ. ನಮ್ಮ ಮನೆಯಲ್ಲಿ ಒಬ್ಬರು ಮೊದಲ ಅರ್ಧ ಹೇಳಿದರೆ ಉಳಿದವರು ಎರಡನೆಯದನ್ನು ಹೇಳುವುದು ವಾಡಿಕೆ. ಮೂರನೆಯ ದಶಕಕ್ಕೆ, ಎಂದರೆ ಹತ್ತು ಮಣಿಗಳ ಮೂರನೆಯ ಸುತ್ತಿಗೆ, ಬಂದಾಗ ಮಗಳು ಜಪಸರವನ್ನು ಅಜ್ಜಿಯ ಕೈಗೆ ಕೊಟ್ಟಳು. ಅವ್ವ ಕನ್ನಡಕ ಸರಿಮಾಡಿಕೊಂಡು, ಮಣಿ ಹಿಡಿಯದೆ ಬೆರಳುಗಳಲ್ಲಿ ಎಣಿಸುತ್ತಾ, ಹತ್ತು ಸಲವೂ ಮೊದಲ ಅರ್ಧವನ್ನು ಗಟ್ಟಿಯಾಗಿ ಹೇಳಿದರು. ನಾವು ಉತ್ತರ ಹೇಳುವಾಗ ಹತ್ತು ಸಲವೂ ತುಟಿ ಮುಚ್ಚಿಕೊಂಡು ಕಾದರು.