ಬಾಲಿಯಲ್ಲಿ ಒಂದು ದಿನದ ಸುತ್ತಾಟ: ಡಾಕ್ಟರಮ್ಮನೊಡನೆ ಪ್ರಶ್ನೋತ್ತರ

ನಿರ್ವಾಹಕರು: ಬೇಸಿಗೆ ರಜೆಗೆ ನಮ್ಮ ಬಳಗದ ಹಲವು ಕುಟುಂಬಗಳು ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೊರಟಿವೆ. ದೊಡ್ಡ ಗುಂಪಿನ ಬಸ್ಸು ಬೇಡ, ಚಾಲಕರ ಸಮೇತ ಒಂದು ಕಾರನ್ನು ದಿನದ ಮಟ್ಟಿಗೆ ಗೊತ್ತು ಮಾಡಿಕೊಂಡು ನಿಧಾನವಾಗಿ ನೋಡಿ ಬರೋಣ ಎಂಬುದು ಹೆಚ್ಚಿನವರ ಯೋಚನೆ. ಬಾಲಿಯನ್ನು ಕಂಡು ಬಂದಿರುವ, ಹಾಸನದಲ್ಲಿ ವೃತ್ತಿಯಲ್ಲಿರುವ ನಮ್ಮ ಡಾಕ್ಟರಮ್ಮ ಇಂದು ಸಂಜೆ ಆರೋಗ್ಯದ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ವೀಸಾ, ಹಣ ವಿನಿಮಯದ ಪ್ರಶ್ನೆಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ಬೇಲೂರಿನ ಸದಸ್ಯೆ: ನಮಸ್ಕಾರ ಡಾಕ್ಟರಮ್ಮ. ನಮ್ಮ ಮಾವನವರಿಗೆ 71 ವರ್ಷ. ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಉಬುದ್‌ನಲ್ಲಿ ಉಳಿದುಕೊಂಡು ಒಂದು ದಿನಕ್ಕೆ ಕಾರು ಗೊತ್ತು ಮಾಡಿದ್ದೇವೆ. ಬೆಳಿಗ್ಗೆ ತೆಗಲಲಾಂಗ್‌ನ ಮೆಟ್ಟಿಲು ಗದ್ದೆಗಳು, ಅಲ್ಲಿಂದ ತೀರ್ಥ ಎಂಪುಲ್ ದೇವಾಲಯ, ಕಾಫಿ ತೋಟ, ಕೋತಿಗಳ ಕಾಡು, ತೆಗೆನುಂಗನ್ ಜಲಪಾತ, ಸಂಜೆ ಉಲುವಾಟು ದೇವಾಲಯದಲ್ಲಿ ಕೆಚಕ್ ನೃತ್ಯ ಎಂದು ಚಾಲಕರು ಪಟ್ಟಿ ಕಳುಹಿಸಿದ್ದಾರೆ. ಆರಾಮದ ಪ್ರವಾಸವೆಂದೇ ಹೇಳಿದ್ದಾರೆ. ಮಾವನವರಿಗೆ ಆಗಬಹುದೇ?

ವೈದ್ಯರು: ಆಗದು. ಈ ಪಟ್ಟಿ ನಿಮ್ಮ ಮಾವನವರಿಗಷ್ಟೇ ಅಲ್ಲ, ನಿಮಗೂ ಆರಾಮದ್ದಲ್ಲ. ಉಬುದ್‌ನಿಂದ ಉಲುವಾಟುವಿಗಿರುವ ದೂರ ಹಾಸನದಿಂದ ಚಿಕ್ಕಮಗಳೂರಿಗಿರುವುದಕ್ಕಿಂತ ಕಡಿಮೆಯೇ; ಆದರೆ ಕಿರಿದಾದ ರಸ್ತೆ, ಸ್ಕೂಟರುಗಳ ಸಾಲು, ದಕ್ಷಿಣದ ಊರುಗಳ ದಟ್ಟಣೆ ಇವೆಲ್ಲ ಸೇರಿ ಎರಡು ತಾಸು ಕಾರಿನಲ್ಲೇ ಕಳೆದುಹೋಗುತ್ತದೆ. ತೆಗೆನುಂಗನ್‌ಗೆ ಇಳಿಯಲು ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ; ಇಳಿದವರು ಹತ್ತಲೇಬೇಕು, ನಿಮ್ಮ ಪಟ್ಟಿಯ ಪ್ರಕಾರ ಹತ್ತುವುದು ನಡು ಮಧ್ಯಾಹ್ನದಲ್ಲಿ. ಬಾಲಿ ಭೂಮಧ್ಯರೇಖೆಯಿಂದ ಸುಮಾರು 8 ಡಿಗ್ರಿ ದಕ್ಷಿಣಕ್ಕಿದೆ. ಉಷ್ಣಾಂಶ 31 ಡಿಗ್ರಿ ಎಂದು ಓದಿ, ನಮ್ಮ ಅರಸೀಕೆರೆಯ ಏಪ್ರಿಲ್ ಇದಕ್ಕಿಂತ ಕಡುಬಿಸಿಲೆಂದು ಸಮಾಧಾನ ಪಟ್ಟುಕೊಳ್ಳಬೇಡಿ. ಅಲ್ಲಿನ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ವಯಸ್ಸಾದವರಿಗೆ ಬಾಯಾರಿಕೆಯೂ ಹೊತ್ತಿಗೆ ಸರಿಯಾಗಿ ತಿಳಿಯುವುದಿಲ್ಲ.

ಉಬುದ್ ಸುತ್ತಮುತ್ತ ಒಂದು ದಿನ, ಉಲುವಾಟು ಇನ್ನೊಂದು ದಿನ ಎಂದು ಬೇರ್ಪಡಿಸಿ. ಎಂಟಕ್ಕೆ ಹೊರಟು ಗದ್ದೆ, ದೇವಾಲಯ ಎರಡನ್ನೂ ಹನ್ನೊಂದರೊಳಗೆ ಮುಗಿಸಿ, ಊಟ ಮಾಡಿಸಿ, ಮೂರೂವರೆಯವರೆಗೆ ಕೋಣೆಯಲ್ಲಿ ಮಲಗಿಸಿ. ಬೇಕೆಂದಾಗ ನಿಲ್ಲಿಸಬಹುದು, ಬೇಡವೆಂದಾಗ ಹಿಂದಿರುಗಬಹುದು ಎಂಬುದೊಂದನ್ನು ಬಿಟ್ಟರೆ ಪ್ರತ್ಯೇಕ ಕಾರಿಗೆ ಹೆಚ್ಚಿನ ಹಣ ಕೊಡುವುದರಲ್ಲಿ ಬೇರೆ ಅರ್ಥವಿಲ್ಲ. ಆರು ಜಾಗ ತುಂಬಿಸಿದ ಮೇಲೆ ಆ ಕಾರೂ ಬಸ್ಸೇ.

ಮಾತ್ರೆಗಳ ವಿಷಯ: ಗ್ಲಿಮೆಪಿರೈಡ್ ಜಾತಿಯ ಸಕ್ಕರೆ ಮಾತ್ರೆ ನುಂಗಿದವರ ಊಟ ಎರಡು ತಾಸು ತಡವಾದರೆ ಸಕ್ಕರೆ ತಟಕ್ಕನೆ ಇಳಿಯಬಹುದು, ಕೈ ನಡುಗಿ, ಬೆವರಿ, ಮಾತು ತೊದಲುತ್ತದೆ, ಜೊತೆಯಲ್ಲಿರುವವರು ಬಿಸಿಲಿನ ಸುಸ್ತೆಂದು ತಿಳಿಯುತ್ತಾರೆ. ಗ್ಲೂಕೋಸ್ ಪುಡಿ ಅವರ ಜೇಬಿನಲ್ಲೇ ಇರಲಿ, ಡಿಕ್ಕಿಯೊಳಗಿನ ಸೂಟ್‌ಕೇಸಿನಲ್ಲಲ್ಲ. ರಕ್ತದೊತ್ತಡದ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಅಂಶವಿದ್ದರೆ ಬೆವರಿನ ನಷ್ಟಕ್ಕೆ ಅದೂ ಸೇರುತ್ತದೆ; ಆದರೆ ನೀವಾಗಿ ನಿಲ್ಲಿಸಬೇಡಿ, ಹೊರಡುವ ಮೊದಲು ಅವರ ವೈದ್ಯರನ್ನು ಕೇಳಿ. ಬಾಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಅಲ್ಲಿನ ಊಟದ ಹೊತ್ತಿಗೆ ಮಾತ್ರೆಗಳನ್ನು ಹೊಂದಿಸಿಕೊಂಡರೆ ಸಾಕು.

ಸಕಲೇಶಪುರದ ಸದಸ್ಯರು: ಮೇಡಂ, ಶಿರಾಡಿ ಘಾಟಿಯಲ್ಲಿ ಎರಡು ತಿರುವು ದಾಟುವಷ್ಟರಲ್ಲಿ ನನ್ನ ಮಗಳು ವಾಂತಿ ಮಾಡಿಕೊಳ್ಳುತ್ತಾಳೆ. ಹನ್ನೆರಡು ವರ್ಷ. ದಿನವಿಡೀ ಕಾರಿನಲ್ಲಿ ಹೇಗೆ?

ವೈದ್ಯರು: ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ, ದೂರದ ರಸ್ತೆಯನ್ನು ನೋಡಲಿ, ಮೊಬೈಲ್ ಕೈಗೆ ಕೊಡಬೇಡಿ, ಹಸಿದ ಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಪ್ರೊಮೆಥಜೀನ್ ಮಾತ್ರೆಯನ್ನು ಹೊರಡುವ ಒಂದೆರಡು ಗಂಟೆ ಮೊದಲು ಕೊಡಬೇಕು, ಪ್ರಮಾಣವನ್ನು ನಿಮ್ಮ ಮಕ್ಕಳ ವೈದ್ಯರು ಬರೆದುಕೊಡಲಿ. ನಿದ್ರೆ ಬರುತ್ತದೆ. ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ, ಇರುವವರೂ ಪ್ರಾಸ್ಟೇಟ್ ದೊಡ್ಡದಾಗಿರುವ ಅಜ್ಜಂದಿರೂ ಮೊಮ್ಮಗಳ ಮಾತ್ರೆ ಸ್ಟ್ರಿಪ್ಪಿನಿಂದ ಒಂದು ಎತ್ತಿಕೊಂಡು ನುಂಗಬಾರದು.

ಅರಸೀಕೆರೆಯ ಹಿರಿಯ ಸದಸ್ಯರು: ನನಗೆ ಬಂದ ಸಂದೇಶವನ್ನು ಎಲ್ಲರ ಉಪಯೋಗಕ್ಕಾಗಿ ಹಾಕುತ್ತಿದ್ದೇನೆ. ವಾಂತಿ ಬರುವವರು ಸೀಟಿನ ಮೇಲೆ ದಿನಪತ್ರಿಕೆ ಹಾಸಿ ಕೂರಬೇಕು ಮತ್ತು ಹೊಕ್ಕುಳಿಗೆ ಪ್ಲಾಸ್ಟರ್ ಅಂಟಿಸಬೇಕು. ಬಿಸಿಲು ಬಡಿಯದಂತೆ ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳಬೇಕು. ಬಿಸಿಲಿನಿಂದ ಬಂದವರು ತಣ್ಣೀರು ಕುಡಿದರೆ ರಕ್ತನಾಳ ಒಡೆಯುತ್ತದೆ, ಅರ್ಧ ಗಂಟೆ ಕಾಯಬೇಕು.

ವೈದ್ಯರು: ದಿನಪತ್ರಿಕೆಯಿಂದ ಸೀಟು ಕೊಳೆಯಾಗದಿರಬಹುದು. ಈರುಳ್ಳಿ ಇಟ್ಟುಕೊಂಡರೆ ಜೇಬು ನಾರುವುದನ್ನು ಬಿಟ್ಟು ಬೇರೇನೂ ಆಗುವುದಿಲ್ಲ. ಮೂರನೆಯದು ಮಾತ್ರ ಅಪಾಯದ ಮಾತು. ಬಿಸಿಲಿನಿಂದ ಬಸವಳಿದವರಿಗೆ ನೀರು ಕೊಡದೆ ಅರ್ಧ ಗಂಟೆ ಕಾಯಿಸುವುದೆಂದರೆ ಕಾಯಿಲೆಯನ್ನು ಬೆಳೆಯಲು ಬಿಡುವುದು. ನೆರಳಿಗೆ ಕರೆತನ್ನಿ, ಬಟ್ಟೆ ಸಡಿಲಿಸಿ, ಮೈಗೆ ನೀರು ಚಿಮುಕಿಸಿ ಗಾಳಿ ಹಾಕಿ, ಎಚ್ಚರವಿದ್ದರೆ ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಸಿ. ಮಾತು ಅಸಂಬದ್ಧವಾದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ಅರಸೀಕೆರೆಯ ಹಿರಿಯ ಸದಸ್ಯರು: ನಮ್ಮ ಹಿರಿಯರು ಇದನ್ನೆಲ್ಲ ಅನುಭವದಿಂದ ಕಂಡುಕೊಂಡಿದ್ದರು.

ವೈದ್ಯರು: ಹಿರಿಯರು ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಟ್ಟು ಜಗಲಿಯಲ್ಲಿ ಕೂರಿಸುತ್ತಿದ್ದರು. ಈ ಸಂದೇಶ ಅವರದ್ದಲ್ಲ, ವಾಟ್ಸ್‌ಆಪಿನದು.

ಕಡೂರಿನ ಸದಸ್ಯೆ: ನಾನು ಐದು ತಿಂಗಳ ಗರ್ಭಿಣಿ. ಕಣಿವೆಯ ಮೇಲೆ ತೂಗುವ ಆ ದೊಡ್ಡ ಉಯ್ಯಾಲೆಯಲ್ಲಿ ಫೋಟೋ ತೆಗೆಸಿಕೊಳ್ಳಬಹುದೇ?

ವೈದ್ಯರು: ಬೇಡ.

ತರೀಕೆರೆಯ ಸದಸ್ಯರು: ವಾಂತಿಗೆ ಯಾವ ಮಾತ್ರೆ ಒಳ್ಳೆಯದು ಮೇಡಂ?

ವೈದ್ಯರು: ಸಕಲೇಶಪುರದವರಿಗೆ ಬರೆದಿದ್ದೇನೆ, ಓದಿ.

ಮೂಡಿಗೆರೆಯ ಸದಸ್ಯರು: ಬೇಲೂರಿನ ಸಹೋದರಿಯವರ ಪಟ್ಟಿಯಲ್ಲಿರುವ ಕಾಫಿ ತೋಟದ ಬಗ್ಗೆ ಒಬ್ಬ ಬೆಳೆಗಾರನಾಗಿ ಒಂದು ಮಾತು. ಅದು ತೋಟವಲ್ಲ, ಅಂಗಡಿ. ಹತ್ತಿಪ್ಪತ್ತು ಗಿಡಗಳ ನಡುವೆ ನಡೆಸಿಕೊಂಡು ಹೋಗಿ, ಪಂಜರದಲ್ಲಿ ಮುದುಡಿ ಮಲಗಿದ ಪುನುಗು ಬೆಕ್ಕನ್ನು ತೋರಿಸಿ, ಆ ಬೆಕ್ಕು ಹಣ್ಣು ತಿಂದು ಹಿಕ್ಕೆಯಲ್ಲಿ ಹಾಕಿದ ಬೀಜದ ಲುವಾಕ್ ಕಾಫಿಯೆಂದು ಪುಟ್ಟ ಪೊಟ್ಟಣವನ್ನು ಬಾಯಿಗೆ ಬಂದ ಬೆಲೆಗೆ ಮಾರುತ್ತಾರೆ. ಅದೇ ಜಾತಿಯ ಬೆಕ್ಕು ನಮ್ಮ ತೋಟದಲ್ಲಿಯೂ ಇದೆ. ಕಟಾವಿನ ಕಾಲದಲ್ಲಿ ಬಂಡೆಗಳ ಮೇಲೆ ಅದು ಹಾಕಿದ ಬೀಜದ ಗುಪ್ಪೆಯನ್ನು ನಮ್ಮ ಆಳುಗಳು ದಾಟಿಕೊಂಡು ಹೋಗುತ್ತಾರೆ. ಅದು ರಾತ್ರಿ ಅಲೆದು ತನಗೆ ಬೇಕಾದ ಕಳಿತ ಹಣ್ಣನ್ನೇ ಆರಿಸಿ ತಿನ್ನುವ ಪ್ರಾಣಿ. ಪಂಜರದಲ್ಲಿಟ್ಟು ಸಿಕ್ಕಿದ ಹಣ್ಣನ್ನೆಲ್ಲ ತಿನ್ನಿಸಿದರೆ ಆ ಕಾಫಿಗೆ ಯಾವ ವಿಶೇಷವೂ ಉಳಿಯುವುದಿಲ್ಲ.

ಹಾಸನದ ಸದಸ್ಯರು: ಕುಡಿದು ನೋಡಲು ಕೊಡುವ ಚಹಾ, ಕಾಫಿಗಳ ತಟ್ಟೆ ಉಚಿತ. ಬೆಳೆಗಾರರಿಗೆ ಬೇರೆಯವರ ಕಾಫಿ ಮಾರಾಟವಾದರೆ ಹೊಟ್ಟೆಯುರಿ ಸಹಜವೇ.

ಮೂಡಿಗೆರೆಯ ಸದಸ್ಯರು: ಉಚಿತವೆಂದು ತಿಳಿದಿರುವುದು ನೀವು. ಅಂಗಡಿಯವರು ಚಾಲಕರಿಗೆ ಕೊಡುವ ಕಮಿಷನ್ ನಿಮ್ಮ ಖರೀದಿಯಿಂದಲೇ ಬರುತ್ತದೆ. ಅಂಗಡಿಗಳಲ್ಲಿ ನಿಲ್ಲಿಸುವುದು ಬೇಡವೆಂದು ಬೆಳಿಗ್ಗೆಯೇ ಹೇಳಿಬಿಟ್ಟರೆ ಒಂದು ತಾಸು ಉಳಿಯುತ್ತದೆ.

ಹಾಸನದ ಸದಸ್ಯರು: ಹತ್ತು ತಾಸು ದುಡಿಯುವ ಬಡ ಚಾಲಕನ ಕಮಿಷನ್ನಿನ ಮೇಲೆ ಕಣ್ಣಿಡುವಷ್ಟು ಬಡತನ ನಿಮ್ಮ ಮೂಡಿಗೆರೆಗೆ ಯಾವಾಗ ಬಂತು ಸ್ವಾಮಿ?

ಮೂಡಿಗೆರೆಯ ಸದಸ್ಯರು: ಆ ಹಣವನ್ನು ಭಕ್ಷೀಸಾಗಿ ನೇರವಾಗಿ ಅವರ ಕೈಗೆ ಕೊಡಿ ಎಂದರೆ ನಿಮಗೆ ಅರ್ಥವಾಗುವುದಿಲ್ಲವೇ?

ವೈದ್ಯರು: ಕಾಫಿಯ ಜಗಳ ನಿಮಗಿರಲಿ. ಆ ತಟ್ಟೆಯಲ್ಲಿ ಬರುವ ಹೆಚ್ಚಿನ ಪುಟ್ಟ ಲೋಟಗಳಲ್ಲಿ ಸಕ್ಕರೆ ಬೆರೆತಿರುತ್ತದೆ ಎಂಬುದನ್ನು ಸಕ್ಕರೆ ಕಾಯಿಲೆಯವರು ನೆನಪಿಡಿ.

ಆಲೂರಿನ ಸದಸ್ಯರು: ಡಾಕ್ಟರಮ್ಮ, ಅಲ್ಲಿನ ಸ್ಥಳೀಯ ಮದ್ಯವಾದ ಅರಕ್ ಕುಡಿಯಬಹುದೇ? ಚಾಲಕರು ಒಳ್ಳೆಯ ಜಾಗ ತೋರಿಸುತ್ತೇನೆ ಎಂದಿದ್ದಾರೆ.

ವೈದ್ಯರು: 2009ರಲ್ಲಿ ಮೆಥನಾಲ್ ಎಂಬ ವಿಷಕಾರಿ ಮದ್ಯಸಾರ ಬೆರೆತ ಅರಕ್ ಕುಡಿದು ಅಲ್ಲಿ ವಿದೇಶಿ ಪ್ರವಾಸಿಗರೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಮೆಥನಾಲನ್ನು ಬಣ್ಣದಿಂದಲೋ ರುಚಿಯಿಂದಲೋ ಗುರುತಿಸಲಾಗದು. ಸೀಲು ಒಡೆಯದ ಕಂಪನಿ ಬಾಟಲಿಯಲ್ಲದೆ ಬೇರೆ ಬೇಡ.

ಚನ್ನರಾಯಪಟ್ಟಣದ ಸದಸ್ಯರು: ನಾವು ಮೊನ್ನೆಯಷ್ಟೇ ಬಾಲಿಯಿಂದ ಬಂದೆವು, ಬಹಳ ಚೆನ್ನಾಗಿತ್ತು. ಒಂದು ಸಣ್ಣ ಸಂದೇಹ. ಉಲುವಾಟುವಿನಲ್ಲಿ ಕೋತಿಯೊಂದು ನನ್ನ ಹೆಂಡತಿಯ ಕನ್ನಡಕ ಕಿತ್ತುಕೊಂಡಿತು. ಅವಳು ಹಿಡಿದೆಳೆದಾಗ ಮಣಿಕಟ್ಟಿನ ಹತ್ತಿರ ಹಲ್ಲು ತಾಗಿ ಎರಡು ಹನಿ ರಕ್ತ ಬಂತು. ಬಾಟಲಿ ನೀರಿನಲ್ಲಿ ತೊಳೆದು ಅರಿಶಿನ ಹಚ್ಚಿದೆವು, ಈಗ ಒಣಗಿದೆ. ಇಂದಿಗೆ ನಾಲ್ಕನೆಯ ದಿನ. ಟಿ.ಟಿ. ಹಾಕಿಸಬೇಕೇ?

ವೈದ್ಯರು: ಬೇರೆ ಪ್ರಶ್ನೆಗಳನ್ನೆಲ್ಲ ಬಿಟ್ಟು ನಿಮಗೆ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ, ನಿಮ್ಮ ಮನೆಯವರಿಗೂ ಓದಿಸಿ. ಟಿ.ಟಿ. ಹಾಕಿಸಿ, ಆದರೆ ಇಲ್ಲಿರುವ ಪ್ರಶ್ನೆ ರೇಬೀಸ್‌ನದು. 2008ರವರೆಗೆ ಬಾಲಿಯಲ್ಲಿ ರೇಬೀಸ್ ಇರಲಿಲ್ಲ. ಆ ವರ್ಷ ನಾಯಿಗಳಲ್ಲಿ ಕಾಣಿಸಿಕೊಂಡದ್ದು ದ್ವೀಪವನ್ನೆಲ್ಲ ವ್ಯಾಪಿಸಿತು, ಇಂದಿಗೂ ಪೂರ್ತಿ ಹೋಗಿಲ್ಲ. ಅಲ್ಲಿ ಅದು ಹೆಚ್ಚಾಗಿ ನಾಯಿಯಿಂದಲೇ ಬರುತ್ತದೆ, ಕೋತಿಯಿಂದ ಬರುವ ಸಂಭವ ಬಹಳ ಕಡಿಮೆ ಎಂಬುದು ನಿಜ. ಆದರೆ ಲಕ್ಷಣಗಳು ಶುರುವಾದ ಮೇಲೆ ಹೆಚ್ಚುಕಡಿಮೆ ಯಾರೂ ಬದುಕದ ಕಾಯಿಲೆಯಲ್ಲಿ ಸಂಭವ ಕಡಿಮೆಯೆಂದು ಸುಮ್ಮನೆ ಕೂರುವ ಹಾಗಿಲ್ಲ, ಆ ಕೋತಿಯನ್ನು ಹುಡುಕಿ ಹತ್ತು ದಿನ ಕಾಯ್ದು ನೋಡುವುದೂ ಸಾಧ್ಯವಿಲ್ಲ.

ಚರ್ಮ ಸೀಳಿ ರಕ್ತ ಬಂದಿದ್ದರೆ ಗಾಯ ಸಣ್ಣದಾದರೂ ಅದು ರೇಬೀಸ್ ಚಿಕಿತ್ಸೆಯಲ್ಲಿ ಮೂರನೆಯ, ಅಂದರೆ ಅತಿ ಗಂಭೀರ, ವರ್ಗಕ್ಕೆ ಸೇರುತ್ತದೆ. ಅದಕ್ಕೆ ಲಸಿಕೆಯೊಂದೇ ಸಾಲದು, ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಬೇಕು. ಏಕೆಂದರೆ ಲಸಿಕೆ ಹಾಕಿದ ಮೇಲೆ ದೇಹ ತನ್ನ ರಕ್ಷಣೆಯನ್ನು ಕಟ್ಟಿಕೊಳ್ಳಲು ಒಂದು ವಾರದ ಮೇಲೆ ಬೇಕು, ಅಲ್ಲಿಯವರೆಗೆ ಗಾಯದಲ್ಲಿರುವ ವೈರಸ್ಸನ್ನು ತಡೆಯುವುದು ಈ ಸಿದ್ಧ ರಕ್ಷಣೆ. ನಾಲ್ಕು ದಿನವಾಗಿದೆ, ಇನ್ನೇನು ಪ್ರಯೋಜನ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಇನ್ನೂ ತಡವಾಗಿಲ್ಲ, ಆದರೆ ನಾಳೆಗೆ ಬಿಡಬೇಡಿ. ಈಗಲೇ ಗಾಯವನ್ನು ಹರಿಯುವ ನೀರಿನ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಹಾಸನದ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಬನ್ನಿ. ಕೋತಿಯ ಹಲ್ಲು ತಾಗಿದೆ, ಬಾಲಿಯಲ್ಲಿ ಆಯಿತು, ಇಂದಿಗೆ ನಾಲ್ಕನೆಯ ದಿನ ಎಂದು ಈ ಮೂರನ್ನೂ ಹೇಳಿ. ಹಿಂದೆ ರೇಬೀಸ್ ಲಸಿಕೆಯನ್ನು ಪೂರ್ತಿ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ, ಆಗ ಎರಡೇ ಡೋಸು ಸಾಕು.

ಇನ್ನೊಂದು ಮಾತು. ಆ ಜಾತಿಯ ಕೋತಿಗಳಲ್ಲಿ ಬಿ ವೈರಸ್ ಎಂಬುದು ಇರುತ್ತದೆ. ಮನುಷ್ಯರಿಗೆ ತಗಲುವುದು ಅತ್ಯಂತ ಅಪರೂಪ, ತಗಲಿದರೆ ಮಾತ್ರ ಕಠಿಣ. ಅದಕ್ಕೆ ಮಾತ್ರೆ ಬೇಕೇ ಎಂಬುದನ್ನು ಗಾಯ ನೋಡಿದ ವೈದ್ಯರು ನಿರ್ಧರಿಸಲಿ. ಮುಂದಿನ ನಾಲ್ಕು ವಾರಗಳಲ್ಲಿ ಗಾಯದ ಸುತ್ತ ನೀರ್ಗುಳ್ಳೆ, ಮರಗಟ್ಟುವಿಕೆ, ಜ್ವರ ಕಂಡರೆ ಆ ದಿನವೇ ತೋರಿಸಿ.

ಕೊಪ್ಪದ ಸದಸ್ಯರು: ಗಾಬರಿ ಬೇಡ ಮಾರಾಯ್ರೆ. ಕೋತಿ ಕಚ್ಚಿದರೆ ಬರುವುದು ಮಂಗನ ಕಾಯಿಲೆ, ಅದು ನಮ್ಮ ಕಾಡಿನಲ್ಲಿ ಮಾತ್ರ ಇರುವುದು. ಗಾಯಕ್ಕೆ ಕಾಫಿ ಪುಡಿ ಒತ್ತಿದರೆ ರಕ್ತ ನಿಂತು ವಿಷವೆಲ್ಲ ಹೀರಿಕೊಳ್ಳುತ್ತದೆ, ಈ ವಿಡಿಯೋ ನೋಡಿ.

ವೈದ್ಯರು: ವಿಡಿಯೋ ತೆಗೆಯಿರಿ. ಮಂಗನ ಕಾಯಿಲೆ ಕೋತಿ ಕಚ್ಚುವುದರಿಂದ ಬರುವುದಿಲ್ಲ, ಕಾಡಿನ ಉಣ್ಣೆ ಕಚ್ಚುವುದರಿಂದ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆಯ ಬಗ್ಗೆ ಮಲೆನಾಡಿನವರಿಗೇ ನಾನು ಇದನ್ನು ಹೇಳಬೇಕಾಗಿ ಬಂದಿದೆ. ಕಾಫಿ ಪುಡಿ, ಸುಣ್ಣ, ಖಾರದ ಪುಡಿ, ಅರಿಶಿನ ಯಾವುದನ್ನೂ ಕಚ್ಚಿದ ಗಾಯಕ್ಕೆ ತುಂಬಬೇಡಿ. ಅವು ಗಾಯವನ್ನು ಕೆರಳಿಸುತ್ತವೆ, ತೊಳೆಯುವುದನ್ನು ತಡೆಯುತ್ತವೆ. ಏನೋ ಮಾಡಿದ್ದೇವೆ ಎಂಬ ನೆಮ್ಮದಿಯಲ್ಲಿ ಜನ ಆಸ್ಪತ್ರೆಗೆ ಹೋಗುವುದನ್ನೇ ಬಿಡುತ್ತಾರೆ.

ಕೊಪ್ಪದ ಸದಸ್ಯರು: ನಿಮ್ಮ ಇಂಗ್ಲಿಷ್ ಔಷಧಿಯಲ್ಲಿ ಎಲ್ಲದಕ್ಕೂ ಸೂಜಿಯೇ. ಅಭಿಪ್ರಾಯ ಹೇಳುವ ಸ್ವಾತಂತ್ರ್ಯ ಬಳಗದಲ್ಲಿ ಎಲ್ಲರಿಗೂ ಇದೆ.

ಬೇಲೂರಿನ ಸದಸ್ಯೆ: ಒಬ್ಬ ಹೆಣ್ಣುಮಗಳ ಜೀವದ ಮಾತು ನಡೆಯುತ್ತಿರುವಾಗ ನಿಮ್ಮ ಸ್ವಾತಂತ್ರ್ಯವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ.

ಹಾಸನದ ಸದಸ್ಯರು: ಮೂಡಿಗೆರೆಯವರು ನನ್ನ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ.

ಅರಕಲಗೂಡಿನ ಸದಸ್ಯರು: ಪಕ್ಕದ ನುಸಾ ಪೆನಿಡಾ ದ್ವೀಪಕ್ಕೆ ಸ್ಪೀಡ್ ಬೋಟ್‌ನಲ್ಲಿ ಹೋಗುತ್ತೇವೆ. ಬೆನ್ನಿನ ಡಿಸ್ಕ್ ಸಮಸ್ಯೆ ಇರುವವರು ಹೋಗಬಹುದೇ?

ತರೀಕೆರೆಯ ಸದಸ್ಯರು: ವಾಂತಿ ಮಾತ್ರೆಯ ಹೆಸರು ಮಾತ್ರ ಹೇಳಿದರೆ ಸಾಕಿತ್ತು.

ನಿರ್ವಾಹಕರು: ಕೊಪ್ಪದ ಸದಸ್ಯರ ವಿಡಿಯೋ ತೆಗೆದಿದ್ದೇನೆ. ಹಾಸನ ಮತ್ತು ಮೂಡಿಗೆರೆಯ ಸದಸ್ಯರು ಮುಂದಿನ ಮಾತನ್ನು ಖಾಸಗಿಯಾಗಿ ನಡೆಸಿಕೊಳ್ಳಬೇಕು.

ಚನ್ನರಾಯಪಟ್ಟಣದ ಸದಸ್ಯರು: ಮೇಡಂ, ಗಾಯ ತೊಳೆದು ಹೊರಟಿದ್ದೇವೆ, ಕಾರಿನಲ್ಲಿದ್ದೇವೆ. ಎಷ್ಟು ಡೋಸು ಹಾಕುತ್ತಾರೆ? ಮಧ್ಯೆ ಮೈಸೂರಿನಲ್ಲಿ ಮದುವೆಯಿದೆ.

ವೈದ್ಯರು: ಇಂದಿನದನ್ನು ಸೊನ್ನೆಯ ದಿನವೆಂದು ಎಣಿಸಿ. ಚರ್ಮದ ಪದರಕ್ಕೆ ಕೊಡುವುದಾದರೆ 0, 3, 7, 28ನೆಯ ದಿನ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28. ಚೀಟಿಯಲ್ಲಿ ದಿನಾಂಕಗಳನ್ನು ಬರೆಸಿಕೊಂಡು ಅದರ ಫೋಟೋ ತೆಗೆದಿಡಿ, ಮದುವೆಯ ದಿನ ಬಿದ್ದರೆ ಮೈಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದೇ ಚೀಟಿ ತೋರಿಸಿ ಹಾಕಿಸಿ. ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರೇ ಎಂದು ಅಲ್ಲಿಂದಲೇ ನನಗೆ ತಿಳಿಸಿ. ದಾಸ್ತಾನು ಇಲ್ಲವೆಂದರೆ ಮನೆಗೆ ಹೋಗಬೇಡಿ, ಎಲ್ಲಿ ಸಿಗುತ್ತದೆಂದು ವಿಚಾರಿಸಿ ಹೇಳುತ್ತೇನೆ. ಇನ್ನುಳಿದವರು ಉಲುವಾಟುವಿಗೆ ಹೋಗುವಾಗ ಕನ್ನಡಕ, ಟೋಪಿ, ಕೈಯಲ್ಲಿನ ತಿಂಡಿಯನ್ನು ಕಾರಿನಲ್ಲೇ ಬಿಟ್ಟಿಳಿಯಿರಿ. ಕನ್ನಡಕವಿಲ್ಲದೆ ಕಣ್ಣು ಕಾಣದವರು ಅದಕ್ಕೆ ದಾರ ಕಟ್ಟಿಕೊಂಡು ಕೋತಿಗಳಿಂದ ದೂರ ನಡೆಯಿರಿ. ಕಿತ್ತುಕೊಂಡರೆ ಎಳೆಯಬೇಡಿ, ದೇವಾಲಯದ ಕೆಲಸಗಾರರು ಹಣ್ಣು ಕೊಟ್ಟು ಬಿಡಿಸಿಕೊಡುತ್ತಾರೆ.

ಚನ್ನರಾಯಪಟ್ಟಣದ ಸದಸ್ಯರು: ತುರ್ತು ವಿಭಾಗಕ್ಕೆ ಬಂದೆವು. ಲಸಿಕೆ ಆಯಿತು. ಗಾಯದ ಇಂಜೆಕ್ಷನ್ನಿಗೆ ಪರೀಕ್ಷಾ ಡೋಸು ಹಾಕಿ ಕೂರಿಸಿದ್ದಾರೆ.

ವೈದ್ಯರು: ಸರಿ. ಮುಗಿಯುವವರೆಗೆ ಏಳಬೇಡಿ.