ಪದಚರ್ಚೆ: ‘ನಿತ್ಯಜೀವ’ ಈಗಲೇ ಉಂಟೋ, ಮುಂದೆ ಸಿಗುವುದೋ?

ಎಲ್ಲರಿಗೂ ನಮಸ್ಕಾರ.

ಕನ್ನಡ ಕ್ರೈಸ್ತರ ಮಾತಿನಲ್ಲಿ ಬರುವ ಪದಗಳಿಗೆ ಸರಳವಾಗಿ ಅರ್ಥ ಬರೆಯುವ ಕೆಲಸವನ್ನು ನಾವು ಕೆಲವರು ಸೇರಿ ಮಾಡುತ್ತಿದ್ದೇವೆ. ‘ನಿತ್ಯಜೀವ’ ಎಂಬ ಪದದ ಹತ್ತಿರ ಬಂದು ನಿಂತಿದ್ದೇವೆ. ಈಗ ಪಟ್ಟಿಯಲ್ಲಿರುವ ಅರ್ಥ ಹೀಗಿದೆ: ‘ಸತ್ತ ಮೇಲೆ ಸ್ವರ್ಗದಲ್ಲಿ ಸಿಗುವ ಕೊನೆಯಿಲ್ಲದ ಬದುಕು’. ಹೆಚ್ಚಿನವರಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ನನಗೆ ಮಾತ್ರ ಇದನ್ನು ಹಾಗೇ ಅಚ್ಚಿಗೆ ಬಿಡಲು ಮನಸ್ಸಿಲ್ಲ. ‘ಸತ್ತ ಮೇಲೆ’ ಅಂದ ಕೂಡಲೇ ನಾವು ಒಂದು ಕಡೆಯವರ ಪರ ನಿಂತ ಹಾಗಾಯಿತು. ಈ ಜೀವ ನಂಬಿದವನಿಗೆ ಯಾವಾಗ ಸಿಗುತ್ತದೆ ಅನ್ನುವುದರ ಬಗ್ಗೆ ಕ್ರೈಸ್ತರಲ್ಲೇ ಒಮ್ಮತ ಇಲ್ಲ, ಹಿಂದೆಯೂ ಇರಲಿಲ್ಲ.

ಮೊದಲು ಕನ್ನಡದ ತೊಡಕು ನೋಡೋಣ. ‘ನಂಬುವವನು ನಿತ್ಯಜೀವ ಪಡೆಯುತ್ತಾನೆ’ ಅನ್ನುವ ವಾಕ್ಯ ತೆಗೆದುಕೊಳ್ಳಿ. ಯಾವಾಗ ಪಡೆಯುತ್ತಾನೆ? ‘ದಿನಾ ಬರುತ್ತಾನೆ’ ಅಂತಲೂ ಹೇಳುತ್ತೇವೆ, ‘ನಾಳೆ ಬರುತ್ತಾನೆ’ ಅಂತಲೂ ಹೇಳುತ್ತೇವೆ, ಎರಡಕ್ಕೂ ಅದೇ ‘ಉತ್ತಾನೆ’. ಹಾಗಾಗಿ ಈ ವಾಕ್ಯ ಕೇಳಿದವರು ತಮಗೆ ಬೇಕಾದ ಕಾಲವನ್ನು ಅದರೊಳಗೆ ತುಂಬಿಕೊಳ್ಳಬಹುದು. ಆದರೆ ಯೋಹಾನನ ಸುವಾರ್ತೆಯ (ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕಗಳಲ್ಲಿ ಒಂದು) ಮೂಲ ಗ್ರೀಕಿನಲ್ಲಿ ಅಷ್ಟು ಸಡಿಲ ಇಲ್ಲ. 3ನೇ ಅಧ್ಯಾಯದ 36ನೇ ವಚನದಲ್ಲಿ ಇರುವ ಕ್ರಿಯಾಪದ ವರ್ತಮಾನದ್ದು: ದೇವರ ಮಗನಾದ ಯೇಸುವನ್ನು ನಂಬುವವನ ಹತ್ತಿರ ಅದು ಈಗ ಇದೆ. 5ನೇ ಅಧ್ಯಾಯದ 24ನೇ ವಚನ ಇನ್ನೂ ಮುಂದೆ ಹೋಗಿ, ಅವನು ಮರಣವನ್ನು ದಾಟಿ ಜೀವಕ್ಕೆ ಬಂದು ಆಗಿದೆ ಅನ್ನುತ್ತದೆ. ಮುಗಿದ ಕೆಲಸದ ಹಾಗೆ.

ನಮ್ಮ ಹಳೆಯ ಬೈಬಲ್ ಭಾಷೆ ಇಂಥ ಕಡೆ ‘ಉಂಟು’ ಅನ್ನುವ ಮಾತನ್ನು ಬಳಸುತ್ತದೆ. ಒಳ್ಳೆಯ ಮಾತು, ಆದರೆ ಅದೂ ಪೂರ್ತಿ ಬಿಗಿಯಾಗಿಲ್ಲ. ‘ನನಗೆ ಎರಡು ಎಕರೆ ಜಮೀನು ಉಂಟು’ ಅಂದರೆ ಈಗ ಕೈಯಲ್ಲಿದೆ. ‘ನಿನಗೆ ಇವತ್ತು ಮನೇಲಿ ಪೆಟ್ಟು ಉಂಟು’ ಅಂದರೆ ಪೆಟ್ಟು ಇನ್ನೂ ಬಿದ್ದಿಲ್ಲ, ಬೀಳಲಿದೆ. ‘ಅವನಿಗೆ ನಿತ್ಯಜೀವ ಉಂಟು’ ಅನ್ನುವುದನ್ನೂ ಈ ಎರಡು ರೀತಿಯಲ್ಲಿ ಓದಬಹುದು, ಅಲ್ವಾ? ‘ಹೊಂದಿದ್ದಾನೆ’ ಅಂದರೆ ಮಾತ್ರ ಸಂಶಯ ಉಳಿಯುವುದಿಲ್ಲ.

ಹಾಗಂತ ಬೈಬಲಿನ ಉದ್ದಕ್ಕೂ ‘ಹೊಂದಿದ್ದಾನೆ’ ಎಂದೇ ಇದೆ ಅಂದುಕೊಳ್ಳಬೇಡಿ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಶ್ರೀಮಂತನೊಬ್ಬ ಓಡಿ ಬಂದು, ನಿತ್ಯಜೀವಕ್ಕೆ ಬಾಧ್ಯನಾಗಲು ಏನು ಮಾಡಬೇಕು ಅಂತ ಕೇಳುತ್ತಾನೆ. (ಇಲ್ಲಿ ‘ಬಾಧ್ಯ’ ಅಂದರೆ ಆಸ್ತಿಗೆ ಹಕ್ಕುದಾರ. ಈಗಿನ ಕನ್ನಡದಲ್ಲಿ ‘ಬಾಧ್ಯತೆ’ ಅಂದರೆ ಸಾಲ, ಹೊಣೆ ಅನ್ನುವ ಅರ್ಥವೇ ಜಾಸ್ತಿ. ಅದಕ್ಕೆ ಬೇರೆಯೇ ಒಂದು ಪತ್ರ ಬರೆಯಬೇಕು.) ಅದೇ ಅಧ್ಯಾಯದ 30ನೇ ವಚನದಲ್ಲಿ ಯೇಸು ಕೊಡುವ ಉತ್ತರದಲ್ಲಿ ಎರಡು ಕಾಲ ಬೇರೆ ಬೇರೆಯಾಗಿವೆ: ಈ ಕಾಲದಲ್ಲಿ ಮನೆ, ಅಣ್ಣತಮ್ಮಂದಿರು, ಹೊಲಗದ್ದೆ, ಜೊತೆಗೆ ಹಿಂಸೆ, ಬರುವ ಕಾಲದಲ್ಲಿ ನಿತ್ಯಜೀವ. ಪೌಲನ ಹೆಸರಿನ ಪತ್ರಗಳಲ್ಲೂ ಅದು ಹೆಚ್ಚಾಗಿ ಮುಂದಿನ ಮಾತು. ತೀತನಿಗೆ ಬರೆದ ಪತ್ರದಲ್ಲಿ ನಿತ್ಯಜೀವದ ‘ನಿರೀಕ್ಷೆ’, ಗಲಾತ್ಯದವರಿಗೆ ಬರೆದದ್ದರಲ್ಲಿ ಬಿತ್ತಿದ ಮೇಲೆ ಕೊಯ್ಯುವ ಬೆಳೆ. ಕೈಯಲ್ಲಿ ಇರುವುದನ್ನು ಯಾರೂ ನಿರೀಕ್ಷಿಸುವುದಿಲ್ಲ.

ಗ್ರೀಕಿನ ವಿಶೇಷಣ ‘ಐಯೋನಿಯೋಸ್’ ಕೂಡ ಇದಕ್ಕೆ ಇಂಬು ಕೊಡುತ್ತದೆ. ಅದರ ಮೂಲ ‘ಐಯೋನ್’, ಅಂದರೆ ಯುಗ, ದೀರ್ಘಕಾಲ. ಆ ಕಾಲದ ಯೆಹೂದ್ಯರಲ್ಲಿ ಅನೇಕರು ‘ಈ ಯುಗ’, ‘ಬರುವ ಯುಗ’ ಅಂತ ಎರಡು ಭಾಗ ಮಾಡಿ ಮಾತಾಡುತ್ತಿದ್ದರು. ಹಳೆಯ ಒಡಂಬಡಿಕೆಯ ದಾನಿಯೇಲನ ಪುಸ್ತಕದ 12ನೇ ಅಧ್ಯಾಯದಲ್ಲಿ ಮಣ್ಣಿನಲ್ಲಿ ಮಲಗಿದವರು ಎಚ್ಚೆತ್ತು, ಕೆಲವರು ನಿತ್ಯಜೀವಕ್ಕೆ ಹೋಗುತ್ತಾರೆ ಅನ್ನುವಾಗ ಅದೂ ಮುಂದಿನ ಮಾತೇ. ಅಲ್ಲಿಂದ ನೋಡಿದರೆ ‘ನಿತ್ಯಜೀವ’ ಅಂದರೆ ಬರೀ ಉದ್ದ ಅಲ್ಲ, ಬರುವ ಯುಗಕ್ಕೆ ಸೇರಿದ ಜೀವ. ಯೋಹಾನನ ಹೊಸತನ ಇರುವುದೇ ಇಲ್ಲಿ ಅಂತ ನನಗೆ ಅನಿಸುತ್ತದೆ: ಮುಂದೆ ಬರಬೇಕಾದದ್ದು ಈಗಲೇ ಬಂದು ತಲುಪಿದೆ ಅಂತ ಅವನು ಹೇಳುತ್ತಾನೆ. 17ನೇ ಅಧ್ಯಾಯದ 3ನೇ ವಚನದಲ್ಲಂತೂ ಕಾಲದ ಸುದ್ದಿಯೇ ಇಲ್ಲ, ದೇವರನ್ನೂ ಆತ ಕಳುಹಿಸಿದವನನ್ನೂ ತಿಳಿಯುವುದೇ ನಿತ್ಯಜೀವ.

ಸಭೆಗಳು, ಅಂದರೆ ಕ್ರೈಸ್ತ ಪಂಗಡಗಳು, ಬೇರೆಯಾಗುವುದು ಇದರ ಮೇಲೇ. ಸುವಾರ್ತಾ ಸಭೆಗಳಲ್ಲಿ, ಬ್ರದರನ್ ಕೂಟಗಳಲ್ಲಿ, ಬ್ಯಾಪ್ಟಿಸ್ಟರಲ್ಲಿ ನಂಬಿದ ಗಳಿಗೆಯೇ ಮುಖ್ಯ. ‘ನೀವು ರಕ್ಷಣೆ ಹೊಂದಿದ್ದೀರಾ?’ ಅಂತ ಆಗಿಹೋದ ಕೆಲಸದ ಹಾಗೆ ಕೇಳುತ್ತಾರೆ. ಹೊರಗಿನವರಿಗೆ ಈ ಪ್ರಶ್ನೆ ವಿಚಿತ್ರವಾಗಿ ಕೇಳಬಹುದು, ಆದರೆ ಅದರ ಹಿಂದೆ ಯೋಹಾನನ ಮೊದಲ ಪತ್ರದ 5ನೇ ಅಧ್ಯಾಯ ನೇರವಾಗಿ ನಿಂತಿದೆ: ನಿಮಗೆ ನಿತ್ಯಜೀವ ಇದೆ ಅಂತ ನಿಮಗೆ ಗೊತ್ತಾಗಲಿ ಎಂದೇ ಬರೆದೆ ಅನ್ನುತ್ತಾನೆ ಅವನು. ಇವರಲ್ಲೇ ಮತ್ತೊಂದು ಜಗಳ ಇದೆ: ಹೊಂದಿದ್ದನ್ನು ಕಳೆದುಕೊಳ್ಳಬಹುದಾ? 1618–19ರಲ್ಲಿ ಹಾಲೆಂಡಿನ ಡಾರ್ಟ್ ಊರಿನಲ್ಲಿ ಸೇರಿದ ಪ್ರೊಟೆಸ್ಟೆಂಟ್ ಮುಖಂಡರ ಸಭೆ, ದೇವರು ನಿಜವಾಗಿ ಆರಿಸಿದವರು ಕೊನೆಯವರೆಗೂ ನಿಲ್ಲುತ್ತಾರೆ, ಕಳೆದುಹೋಗುವುದಿಲ್ಲ ಅಂದಿತು. ಮುಂದೆ ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ ಇದನ್ನು ಒಪ್ಪಲಿಲ್ಲ, ಕೃಪೆಯಿಂದ ಬಿದ್ದುಹೋಗುವುದು ಸಾಧ್ಯ ಅಂದ. ನಮ್ಮಲ್ಲಿ ಬೀದರಿನ ಮೆಥಡಿಸ್ಟರು ವೆಸ್ಲಿಯ ಪರಂಪರೆಯವರು. ಇನ್ನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) 1947ರಲ್ಲಿ ಆದಾಗ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಶನಲ್ ಎಲ್ಲರೂ ಒಂದೇ ಮನೆಗೆ ಬಂದರು. ಹಾಗಾಗಿ ಅಲ್ಲಿ ಒಂದೇ ಬೆಂಚಿನಲ್ಲಿ ಕೂತ ಇಬ್ಬರ ಉತ್ತರ ಬೇರೆ ಬೇರೆ ಇದ್ದರೆ ಆಶ್ಚರ್ಯ ಪಡಬೇಕಿಲ್ಲ.

ಕಥೋಲಿಕರಲ್ಲಿ ಅದು ದೀಕ್ಷಾಸ್ನಾನದಲ್ಲಿ ಶುರುವಾಗುತ್ತದೆ, ಪರಮಪ್ರಸಾದದಲ್ಲಿ (ಕ್ರಿಸ್ತನ ಶರೀರ, ರಕ್ತ ಎಂದು ನಂಬಿ ಸ್ವೀಕರಿಸುವ ರೊಟ್ಟಿ, ದ್ರಾಕ್ಷಾರಸ) ಬೆಳೆಯುತ್ತದೆ, ದೊಡ್ಡ ಪಾಪದಿಂದ ಕಳೆದುಹೋಗಬಹುದು, ಪಾದ್ರಿಯ ಮುಂದೆ ಮಾಡುವ ಪಾಪನಿವೇದನೆಯಿಂದ ಮತ್ತೆ ಸಿಗಬಹುದು, ಪೂರ್ತಿಯಾಗುವುದು ದೇವರನ್ನು ಮುಖಾಮುಖಿ ನೋಡಿದಾಗ. ಆರ್ಥೊಡಾಕ್ಸರೂ (ಉಡುಪಿ ಹತ್ತಿರ ಬ್ರಹ್ಮಾವರದಲ್ಲಿ ಅವರ ಸಭೆ ಇದೆ) ಸಂಸ್ಕಾರಗಳಲ್ಲೇ ಅದರ ಆರಂಭ ಕಾಣುತ್ತಾರೆ. ಯೋಹಾನ 6:54ರಲ್ಲಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ನನ್ನ ಮಾಂಸ ತಿಂದು ರಕ್ತ ಕುಡಿಯುವವನಿಗೆ ನಿತ್ಯಜೀವ ಇದೆ, ಕಡೇ ದಿನದಲ್ಲಿ ಅವನನ್ನು ಎಬ್ಬಿಸುತ್ತೇನೆ. ಇದೆ, ಎಬ್ಬಿಸುತ್ತೇನೆ. ಎರಡನ್ನೂ ಬಿಡದೆ ಹಿಡಿದ ಸಾಲು ಇದು.

‘ದೇವರನ್ನು ನೋಡುವುದು ಯಾವಾಗ?’ ಅನ್ನುವ ಪ್ರಶ್ನೆಗೆ ಒಬ್ಬ ಪೋಪರೇ ಸಿಕ್ಕಿಬಿದ್ದ ಕತೆ ಹೇಳಲೇಬೇಕು. 14ನೇ ಶತಮಾನ, ಪೋಪರು ರೋಮಿನಲ್ಲಿ ಇರದೆ ಫ್ರಾನ್ಸ್ ಕಡೆಯ ಅವಿನ್ಯೋನಿನಲ್ಲಿದ್ದ ಕಾಲ. ಪೋಪ್ 22ನೇ ಜಾನ್ 1331ರ ಸಕಲ ಸಂತರ ಹಬ್ಬದಿಂದ ಶುರುಮಾಡಿ ಕೆಲವು ಪ್ರಸಂಗಗಳಲ್ಲಿ ಒಂದು ಮಾತು ಹೇಳಿದರು: ತೀರಿಹೋದ ಪುಣ್ಯವಂತರ ಆತ್ಮಗಳು ಕ್ರಿಸ್ತನ ಆಶ್ರಯದಲ್ಲಿ ಇವೆ, ಆದರೆ ದೇವರನ್ನು ಮುಖಾಮುಖಿ ನೋಡುವುದು ಕಡೇ ನ್ಯಾಯತೀರ್ಪಿನ ನಂತರವೇ. ದೊಡ್ಡ ಗಲಾಟೆ ಆಯಿತು. ಪ್ಯಾರಿಸ್ ವಿಶ್ವವಿದ್ಯಾಲಯದ ಪಂಡಿತರು ಒಪ್ಪಲಿಲ್ಲ. ಸಂತರು ಈಗಲೇ ದೇವರ ಮುಂದೆ ಇಲ್ಲದಿದ್ದರೆ ಅವರಲ್ಲಿ ಬೇಡಿಕೊಳ್ಳುವ ಕೋಟ್ಯಂತರ ಜನರ ಪ್ರಾರ್ಥನೆಯ ಗತಿ ಏನು ಅನ್ನುವ ಪ್ರಶ್ನೆ ಇದರೊಳಗೆ ಇದ್ದೇ ಇತ್ತು. ಪೋಪರು 1334ರ ಡಿಸೆಂಬರಿನಲ್ಲಿ, ಸಾಯುವ ಹಿಂದಿನ ದಿನ, ಆ ಮಾತನ್ನು ಹಿಂದಕ್ಕೆ ಪಡೆದರು. ನಂತರ ಬಂದ 12ನೇ ಬೆನೆಡಿಕ್ಟ್ 1336ರ ಜನವರಿಯಲ್ಲಿ ಶಾಸನ ಹೊರಡಿಸಿ, ಶುದ್ಧವಾದ ಆತ್ಮಗಳು ಸತ್ತ ಕೂಡಲೇ, ಶರೀರದ ಪುನರುತ್ಥಾನಕ್ಕೂ ಮುಂಚೆಯೇ, ದೇವರನ್ನು ನೋಡುತ್ತವೆ ಅಂತ ತೀರ್ಮಾನ ಕೊಟ್ಟರು. ಅಂದರೆ ‘ಯಾವಾಗ’ ಅನ್ನುವುದು ಕಥೋಲಿಕರಲ್ಲೂ ಒಂದು ಕಾಲಕ್ಕೆ ತೆರೆದೇ ಇದ್ದ ಪ್ರಶ್ನೆ.

ಇನ್ನೊಂದು ತುದಿಯಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟರು ಇದ್ದಾರೆ. ಮನುಷ್ಯನ ಆತ್ಮ ತಾನಾಗಿಯೇ ಸಾಯದಂಥದ್ದು ಅಂತ ಅವರು ಒಪ್ಪುವುದಿಲ್ಲ. ಸತ್ತವರು ಏನೂ ಅರಿಯದೆ ನಿದ್ರೆಯಲ್ಲಿರುತ್ತಾರೆ, ಕ್ರಿಸ್ತ ಮತ್ತೆ ಬಂದಾಗ ಎಬ್ಬಿಸಿ ಆಗ ಅಮರತ್ವ ಕೊಡುತ್ತಾನೆ. ನಂಬಿದವನಿಗೆ ಭರವಸೆ ಈಗಲೇ ಇದೆ, ಸಾಯದ ಶರೀರ ಆಮೇಲೆ. ಯೆಹೋವನ ಸಾಕ್ಷಿಗಳಂತೂ ಸ್ವರ್ಗಕ್ಕೆ ಹೋಗುವವರು 1,44,000 ಮಂದಿ ಮಾತ್ರ, ಉಳಿದ ನಿಷ್ಠಾವಂತರಿಗೆ ಇದೇ ಭೂಮಿಯ ಮೇಲೆ ಕೊನೆಯಿಲ್ಲದ ಬದುಕು ಅನ್ನುತ್ತಾರೆ. ಈಗ ನಮ್ಮ ಪಟ್ಟಿಯ ಅರ್ಥ ಇನ್ನೊಮ್ಮೆ ಓದಿ. ‘ಸತ್ತ ಮೇಲೆ’ ಒಬ್ಬರಿಗೆ ತಪ್ಪು, ‘ಸ್ವರ್ಗದಲ್ಲಿ’ ಇನ್ನೊಬ್ಬರಿಗೆ ತಪ್ಪು.

ಲೂಕ 23:43ನ್ನು ಇಲ್ಲಿ ತರಬೇಕು, ಅದು ಭಾಷೆಯವರಿಗೆ ಹಬ್ಬ. ಶಿಲುಬೆಯ ಮೇಲಿದ್ದ ಕಳ್ಳನಿಗೆ ಯೇಸು ಹೇಳಿದ ಮಾತಿನಲ್ಲಿ ‘ಇಂದು’ ಅನ್ನುವುದು ಯಾವ ಕ್ರಿಯಾಪದಕ್ಕೆ ಸೇರಬೇಕು? ‘ಇಂದೇ ನನ್ನ ಜೊತೆ ಪರದೈಸಿನಲ್ಲಿರುವೆ’ (ಪರದೈಸು ಅಂದರೆ ಸ್ವರ್ಗದಂಥ ಆನಂದದ ತಾಣ) ಅಂದರೆ ಸತ್ತ ಕೂಡಲೇ. ‘ಇಂದು ನಿನಗೆ ಹೇಳುತ್ತೇನೆ, ನನ್ನ ಜೊತೆ ಪರದೈಸಿನಲ್ಲಿರುವೆ’ ಅಂದರೆ ಯಾವಾಗಾದರೂ ಆಗಬಹುದು. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇದನ್ನು ತೀರ್ಮಾನಿಸುವ ವಿರಾಮಚಿಹ್ನೆ ಇಲ್ಲ. ಹೆಚ್ಚಿನ ಅನುವಾದಗಳು ಮೊದಲನೆಯದನ್ನು ಹಿಡಿದಿವೆ. ಯೆಹೋವನ ಸಾಕ್ಷಿಗಳ ಅನುವಾದ ಎರಡನೆಯದನ್ನು. ಇಂಗ್ಲಿಷಿನಲ್ಲಿ ಒಂದು ಅಲ್ಪವಿರಾಮ ಆಚೆ ಈಚೆ ಮಾಡಿದರೆ ಸಾಕು. ಕನ್ನಡದಲ್ಲಿ ಹಾಗೆ ತಪ್ಪಿಸಿಕೊಳ್ಳುವುದು ಕಷ್ಟ, ‘…ಇರುವೆ ಎಂದು ಹೇಳುತ್ತೇನೆ’ ಅನ್ನುವಾಗ ‘ಇಂದು’ ಅನ್ನುವುದನ್ನು ‘ಎಂದು’ವಿನ ಒಳಗೆ ಇಡಬೇಕು ಇಲ್ಲವೇ ಹೊರಗೆ ಇಡಬೇಕು. ಅನುವಾದಕ ಬಾಯಿಬಿಟ್ಟು ಹೇಳಲೇಬೇಕು.

ಇನ್ನು ಪದದ ಎರಡು ತುಂಡುಗಳು. ‘ನಿತ್ಯ’ ಅಂದರೆ ಶಾಶ್ವತ, ಹಾಗೆಯೇ ದಿನನಿತ್ಯ. ಅದಕ್ಕೇ ‘ನಿತ್ಯಜೀವನ’ ಅಂತ ಬರೆದರೆ ‘ನಿತ್ಯಜೀವನದಲ್ಲಿ ಬಳಸುವ ವಸ್ತುಗಳು’ ಥರ ಆಗುತ್ತದೆ. ‘ನಿತ್ಯಜೀವ’ ಎಂದೇ ಉಳಿಸಿಕೊಂಡದ್ದು ಒಳ್ಳೆಯದಾಯಿತು. ತೆಲುಗು, ತಮಿಳು, ಮಲಯಾಳದಲ್ಲೂ ಇದೇ ಜೋಡಿ ಇದೆ. ಆದರೆ ‘ಜೀವ’ದಲ್ಲಿ ಬೇರೆ ತೊಡಕು. ಮಧ್ವಾಚಾರ್ಯರ ನಾಡಿನಲ್ಲಿ ‘ಜೀವ’ ಅಂದರೆ ಆತ್ಮವೂ ಹೌದು, ಅದು ಹೇಗೂ ನಿತ್ಯವೇ. ಅಲ್ಲಿ ಬೆಳೆದವರ ಕಿವಿಗೆ ‘ನಿತ್ಯಜೀವ ಪಡೆಯುವುದು’ ಅಂದರೆ ಮೊದಲೇ ಇರುವುದನ್ನು ಮತ್ತೆ ಯಾಕೆ ಪಡೆಯಬೇಕು ಅನಿಸಬಹುದು. ಕ್ರೈಸ್ತರ ಮಾತಿನಲ್ಲಿ ಅದು ಕೊಟ್ಟರೆ ಮಾತ್ರ ಸಿಗುವ ವರ. ಯಾರೋ ಇದನ್ನು ‘ಮೋಕ್ಷ’ ಅಂತ ಬರೆಯೋಣ ಅಂದರು. ಬೇಡ. ಹುಟ್ಟುಸಾವಿನ ಸುತ್ತಿನಿಂದ ಬಿಡುಗಡೆ ಅನ್ನುವ ಅರ್ಥ ಅದರ ಜೊತೆಗೇ ಬರುತ್ತದೆ. ಆದರೂ ಒಂದು ಹೋಲಿಕೆ ಓದುಗರಿಗೆ ನೆರವಾಗುತ್ತದೆ: ಬದುಕಿರುವಾಗಲೇ ಮುಕ್ತಿ ಸಾಧ್ಯ ಅಂತ ಶಂಕರರ ಕಡೆಯವರು, ದೇಹ ಬಿದ್ದ ಮೇಲೇ ಅಂತ ರಾಮಾನುಜರ ಕಡೆಯವರು ವಾದ ಮಾಡಿದ್ದು ನಮಗೆ ಗೊತ್ತು. ‘ಈಗಲೋ, ಆಮೇಲೋ’ ಅನ್ನುವ ಪ್ರಶ್ನೆ ಕನ್ನಡ ಓದುಗರಿಗೆ ಹೊಸದಲ್ಲ.

ನನ್ನ ಸಲಹೆ ಇದು. ಅರ್ಥವನ್ನು ‘ಕ್ರಿಸ್ತನ ಮೂಲಕ ದೇವರು ಕೊಡುವ, ಸಾವಿನಿಂದ ಮುಗಿಯದ ಜೀವ’ ಅಂತ ಬರೆಯೋಣ. ಕೆಳಗೆ ಒಂದು ಟಿಪ್ಪಣಿ: ನಂಬಿದ ಗಳಿಗೆಯಲ್ಲಿ, ದೀಕ್ಷಾಸ್ನಾನದಲ್ಲಿ, ಸತ್ತ ಕೂಡಲೇ, ಪುನರುತ್ಥಾನದ ದಿನ ಎಂದು ಸಭೆಗಳಲ್ಲಿ ಬೇರೆ ಬೇರೆ ನಂಬಿಕೆ ಇದೆ. ಜೊತೆಗೆ ಯಾವ ಕ್ರಿಯಾಪದದ ಜೊತೆ ಬಳಕೆ ಇದೆ ಅಂತ ಉದಾಹರಣೆ ಕೊಡೋಣ. ಪದಕೋಶದವರು ನಾಮಪದ ಬರೆದು ಸುಮ್ನೆ ಆಗಿಬಿಡುತ್ತಾರೆ, ಇಲ್ಲಿ ಕ್ರಿಯಾಪದ ಬಿಟ್ಟರೆ ಅರ್ಧ ಅರ್ಥ ಹೋಯಿತು.

ಅದಕ್ಕೇ ನಿಮ್ಮ ನೆರವು ಬೇಕು. ನಿಮ್ಮ ಊರಿನಲ್ಲಿ, ನಿಮ್ಮ ಸಭೆಯಲ್ಲಿ ಜನ ಮಾತಾಡುವಾಗ ‘ನಿತ್ಯಜೀವ ಉಂಟು’, ‘ಇದೆ’, ‘ಸಿಕ್ಕಿದೆ’, ‘ಸಿಗುತ್ತೆ’, ‘ಸೇರುತ್ತಾರೆ’ ಇವುಗಳಲ್ಲಿ ಯಾವುದನ್ನು ಹೇಳುತ್ತಾರೆ? ಬೈಬಲ್ ಓದುವಾಗಿನ ಮಾತು ಬೇಡ, ಮನೆಯಲ್ಲಿ ಆಡುವ ಮಾತು ಬೇಕು. ತೀರಿಹೋದವರ ಬಗ್ಗೆ ‘ಕರ್ತನಲ್ಲಿ ನಿದ್ರೆ ಹೋದರು’ ಅನ್ನುತ್ತೀರೋ, ‘ಮಹಿಮೆಗೆ ಸೇರಿದರು’ ಅನ್ನುತ್ತೀರೋ, ‘ದೇವರ ಪಾದ ಸೇರಿದರು’ ಅನ್ನುತ್ತೀರೋ? ಗದಗ-ಬೆಟಗೇರಿ, ಧಾರವಾಡ, ಮಂಗಳೂರಿನ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಪ್ರೊಟೆಸ್ಟೆಂಟ್ ಮಿಶನ್) ಮನೆತನದವರು, ಕೊಳ್ಳೇಗಾಲದ ಕಡೆಯ ಕಥೋಲಿಕರು, ಬೀದರಿನವರು ಬರೆದರೆ ತುಂಬಾ ಉಪಕಾರ. ಯಾವ ಸಭೆ, ಯಾವ ಜಿಲ್ಲೆ ಅಂತ ಜೊತೆಗೆ ತಿಳಿಸಿ. ಹಿರಿಯರ ಬಾಯಲ್ಲಿ ಒಂದು ರೂಪ, ಹುಡುಗರ ಬಾಯಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಬರೆಯಿರಿ.